ಕತ್ತರಿ ಮೇಡಂ ಮತ್ತು ಬಿಳಿ ಚೀಟಿಯ ಕೋಣೆ

ಕಾರ್ಡಿನ ಆಟಗಳ ಲೋಕದಲ್ಲಿ ಚಿತ್ರ ಬರೆದವರಿಗೆ ಹೆಸರುಂಟು, ಆಡಿ ಗೆದ್ದವರಿಗೆ ಬಹುಮಾನವುಂಟು. ಆದರೆ ಒಂದು ಕಾರ್ಡು ಮೇಜಿನ ಮೇಲೆ ಬಿದ್ದಾಗ ಏನು ಮಾಡಬಹುದು, ಏನು ಮಾಡಬಾರದು ಎಂದು ಮೊದಲೇ ಕೂತು ತಲೆ ಕೆಡಿಸಿಕೊಂಡವರನ್ನು ವಿಚಾರಿಸುವವರು ಕಡಿಮೆ. ಪೊಟ್ಟಣ ಕೊಂಡು, ಗೆಳೆಯರೊಡನೆ ಅದಲುಬದಲು ಮಾಡಿಕೊಂಡು, ತಮ್ಮದೇ ಕಟ್ಟು ಹೊಂದಿಸಿಕೊಂಡು ಎದುರಾಳಿಯ ಮುಂದೆ ಕೂರುವ ಈ ಆಟಕ್ಕೆ ವರ್ಷ ವರ್ಷವೂ ಜೀವ ತುಂಬುವುದು ಹೊಸ ಚಿತ್ರಗಳಲ್ಲ, ಹೊಸ ನಿಯಮಗಳು. ಕಾರ್ಡಿಗೆ ಹೊಸ ನಡೆ ಕಲಿಸುವ ಇಂಥ ನಿಯಮಕ್ಕೆ ನಮ್ಮ ಕಚೇರಿಯಲ್ಲಿ 'ವರಸೆ' ಎಂದು ಹೆಸರು. ಆ ವರಸೆಗಳ ವಿಭಾಗವನ್ನು ಕಟ್ಟಿ ಬೆಳೆಸಿ, ಒಂದು ತಲೆಮಾರಿನ ಆಟಗಾರರನ್ನು ಕುರ್ಚಿಯ ತುದಿಯಲ್ಲಿ ಕೂರಿಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ವಿನ್ಯಾಸಕಿಯವರನ್ನು ಕಚೇರಿಯೆಲ್ಲ ಬೆನ್ನ ಹಿಂದೆ 'ಕತ್ತರಿ ಮೇಡಂ' ಎಂದು ಕರೆಯುತ್ತದೆ. ಅದು ತಮಗೆ ಗೊತ್ತೆಂಬುದನ್ನು ಅವರು ಬಹಳ ಕಾಲ ತೋರಗೊಡಲಿಲ್ಲ.

ಈ ಲೇಖನಕ್ಕೆ ಅವರು ಹಾಕಿದ ಷರತ್ತು ಒಂದೇ. ಗೆದ್ದ ವರಸೆಗಳ ಬಗ್ಗೆ ಎರಡು ಮಾತು ಸಾಕು, 'ಎರವಲು' ಎಂಬ ವರಸೆಯ ಬಗ್ಗೆ ಮಾತ್ರ ಏನೂ ಬಿಡದೆ ಬರೆಯಬೇಕು ಎಂದರು. ಅಭಿನಂದನ ಗ್ರಂಥದಲ್ಲಿ ಅಂಥದ್ದನ್ನೆಲ್ಲ ಹಾಕುವುದು ವಾಡಿಕೆಯಲ್ಲ ಎಂದು ಸಂಪಾದಕರು ತಡವರಿಸಿದಾಗ, ಹಾಗಾದರೆ ಗ್ರಂಥವೇ ಬೇಡ ಎಂದುಬಿಟ್ಟರು. ಅವರ ಮಾತು ಕತ್ತರಿಸುವ ಧೈರ್ಯ ಯಾರಿಗಿದೆ?

ಅವರು ವಿನ್ಯಾಸಕಿಯಾಗಿ ಸೇರಿದವರೇ ಅಲ್ಲ. ನೆಲಮಹಡಿಯ ಅಚ್ಚುಕೂಟದಲ್ಲಿ ಔಷಧಿ ಬಾಟಲಿಯ ಚೀಟಿ, ಕ್ಯಾಲೆಂಡರು, ಬಿಸ್ಕತ್ತಿನ ಪೊಟ್ಟಣಗಳ ಕರಡು ತಿದ್ದುವ ಕೆಲಸ ಅವರದಾಗಿತ್ತು. ಮಾಲೀಕರಿಗೆ ಕಾರ್ಡಿನ ಆಟದ ಹುಚ್ಚು ಹಿಡಿದು ಮೊದಲ ಕಂತಿನ ಕಾರ್ಡುಗಳು ಅಚ್ಚಿಗೆ ಬಂದಾಗ, ಕಾರ್ಡಿನ ಮೇಲಿನ ಬರಹ ಚೌಕಟ್ಟು ಮೀರಿ ಚಿತ್ರದ ಕಾಲಿನ ಮೇಲೆ ಹರಿದಿತ್ತು. ಅಕ್ಷರ ಚಿಕ್ಕದು ಮಾಡಿ ಎಂಬ ಅಪ್ಪಣೆ ಕೆಳಗಿಳಿಯಿತು. ಅವರು ಅಕ್ಷರ ಚಿಕ್ಕದು ಮಾಡಲಿಲ್ಲ, ಮಾತು ಕಡಿಮೆ ಮಾಡಿದರು. ಅವರ ತಾಯಿಗೆ ಆಗಲೇ ಕಣ್ಣು ಮಂದವಾಗಿತ್ತು. ಕನ್ನಡಕ ಹುಡುಕುವಷ್ಟರಲ್ಲಿ ಆಟವೇ ಮುಗಿದುಹೋಗುವಂತಿದ್ದರೆ ಅದೆಂಥ ಆಟ ಎಂಬುದು ಅವರ ವಾದ. ಹಾಗೆ ಒಂದು ಮಾತು ಕಿತ್ತಾಗ ಒಂದು ನಿಯಮವೇ ಬದಲಾಯಿತು, ಬದಲಾದದ್ದು ಮೊದಲಿಗಿಂತ ಸೊಗಸಾಯಿತು. ಮಾಲೀಕರು ಅವರನ್ನು ಕರೆಸಿ ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿ, ಮೇಲಿನ ಮಹಡಿಯಲ್ಲಿ ಒಂದು ಕುರ್ಚಿ ಹಾಕಿಸಿದರು.

ಮೇಲೆ ಹೋದವರೇ 'ಕಾಯುವ ಕಾರ್ಡು' ಎಂಬ ವರಸೆಯನ್ನು ಕಂಡುಹಿಡಿದರು: ಮೇಜಿಗೆ ಇಳಿಸದೆ ಕೈಯಲ್ಲೇ ಹಿಡಿದುಕೊಂಡಷ್ಟೂ ಅದರ ಬಲ ಹೆಚ್ಚುತ್ತದೆ. ಮೊದಲೇ ಬಡಿದು ಗೆಲ್ಲುತ್ತಿದ್ದ ಆತುರಗಾರರ ಸೊಕ್ಕು ಅದರಿಂದ ಇಳಿಯಿತು. ಅಂಗಡಿಗಳಲ್ಲಿ ಪೊಟ್ಟಣ ಸಿಗದಂತಾಯಿತು. ಷರತ್ತಿನ ಪ್ರಕಾರ ಗೆದ್ದ ವರಸೆಗಳ ಮಾತು ಇಲ್ಲಿಗೆ ಮುಗಿಯಿತು.

ಆದರೆ ಅವರು ಕಟ್ಟಿದ ಪರೀಕ್ಷೆಯ ಕೋಣೆಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಮಹಡಿಯ ತುದಿಯಲ್ಲಿ, ಕಿಟಕಿ ಒಂದೇ ಇರುವ, ಫ್ಯಾನು ಸದಾ ಕಿರುಗುಟ್ಟುವ ಆ ಕೋಣೆಯಲ್ಲಿ ಹೊಸ ವರಸೆಗಳನ್ನು ಆಡಿ ನೋಡುತ್ತಾರೆ. ಅಲ್ಲಿ ಚಿತ್ರವಿರುವ ಕಾರ್ಡಿಗೆ ಪ್ರವೇಶವಿಲ್ಲ. ಬಿಳಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಎಲ್ಲವನ್ನೂ ಒಂದೇ ಥರದ ಬಿಳಿ ಪ್ಲಾಸ್ಟಿಕ್ ಕವರಿಗೆ ತುರುಕಿ ಆಡಬೇಕು. ಬಣ್ಣ ಇದ್ದರೆ ಕಣ್ಣು ಆಡುತ್ತದೆ, ಬುದ್ಧಿ ಆಡುವುದಿಲ್ಲ ಎಂಬುದು ಅವರ ಸಿದ್ಧಾಂತ. ಎರಡನೆಯ ಕಟ್ಟಳೆ ಇನ್ನೂ ಬಿಗಿ: ವರಸೆ ಮಾಡಿದವರು ಗೋಡೆಗೆ ಒರಗಿ ಕೂರಬೇಕು, ಬಾಯಿ ಬಿಡಕೂಡದು. ಪೊಟ್ಟಣದೊಳಗೆ ಕೂತು ನೀವು ಪ್ರತಿ ಮನೆಗೂ ಹೋಗಿ ವಿವರಿಸುತ್ತೀರಾ ಎಂದು ಕೇಳಿ ಅವರು ಎಂಥೆಂಥವರ ಬಾಯನ್ನೋ ಮುಚ್ಚಿಸಿದ್ದಾರೆ. 'ಮಾಡಿದವರು ಮಾತಾಡಬಾರದು' ಎಂಬ ಬೋರ್ಡು ಅವರದೇ ಕೈಬರಹದಲ್ಲಿ ಬಾಗಿಲ ಎದುರಿನ ಗೋಡೆಯಲ್ಲಿ ಇಂದಿಗೂ ಇದೆ.

ಇಷ್ಟು ಓದಿ ಅವರನ್ನು ಬಿರುಸಿನ ಹೆಂಗಸೆಂದು ತಿಳಿದರೆ ಅದು ಅನ್ಯಾಯ. ಕತ್ತರಿಸಿ ಬಿಸಾಡಿದ ವರಸೆಗಳ ಚೀಟಿಗಳನ್ನು ಅವರು ತಮ್ಮ ಮೇಜಿನ ಗಾಜಿನ ಕೆಳಗೆ ಹರಡಿಟ್ಟು, ಬೇಸರದಲ್ಲಿದ್ದ ಹೊಸಬರನ್ನು ಕರೆದು, ಇದು ಸತ್ತಿಲ್ಲ, ಮಲಗಿದೆ ಎಂದು ತೋರಿಸುತ್ತಿದ್ದರು. ಚಿತ್ರಗಾರ್ತಿಯೊಬ್ಬಳು ಹಸುಗೂಸನ್ನು ಬಿಟ್ಟು ಬರಲಾಗದೆ ಕೆಲಸ ಬಿಡಲು ಹೊರಟಾಗ ಇಡೀ ವಿಭಾಗದ ಸಭೆಗಳನ್ನು ಆ ಕೂಸಿನ ನಿದ್ದೆಯ ಹೊತ್ತಿಗೆ ಹೊಂದಿಸಿದರು. ಒಮ್ಮೆ ಕೂಸು ನಿದ್ದೆ ಮಾಡದಿದ್ದುದಕ್ಕೆ ಸಭೆಯೇ ರದ್ದಾಯಿತು. ಒಬ್ಬ ಅಚ್ಚಿನವನ ಕೈತಪ್ಪಿನಿಂದ ಒಂದು ಕಾರ್ಡಿನ ಬಲ ದುಪ್ಪಟ್ಟಾಗಿ ಅಚ್ಚಾದಾಗ, ಕರಡು ನೋಡಿದ್ದು ನಾನೇ ಎಂದು ಮಾಲೀಕರ ಬೈಗುಳವನ್ನೆಲ್ಲ ಅವರೇ ನುಂಗಿಕೊಂಡರು.

ಅವರ ವಿಭಾಗ ಹೆಸರು ಮಾಡುತ್ತಿದ್ದ ದಿನಗಳಲ್ಲೇ ಮೇಷ್ಟ್ರು ಬಂದರು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಮೇಡಮ್ಮಿಗಿಂತ ವಯಸ್ಸಿನಲ್ಲಿ ಹಿರಿಯರು, ಸ್ವಭಾವದಲ್ಲಿ ಮೆದು. ಎದುರುಬದುರು ಕೂತು ಇಬ್ಬರೂ ಹಲವು ಕಂತುಗಳಿಗೆ ದುಡಿದರು. ಮೇಷ್ಟ್ರು ಸುಣ್ಣದ ಕಡ್ಡಿಯಿಂದ ಮೇಜಿನ ಮೇಲೇ ಲೆಕ್ಕ ಹಾಕುವರು, ಮೇಡಂ ತೋಳಿನಲ್ಲಿ ಒರೆಸುವರು, ಸಂಜೆಗೆ ಇಬ್ಬರ ಬಟ್ಟೆಯೂ ಬೂದಿ ಬಳಿದಂತೆ ಆಗಿರುತ್ತಿತ್ತು. ಬಲ ಎಣಿಸಲು ಬೇಕೆಂದು ಮನೆಯಿಂದ ಹಳೇ ಅಂಗಿಗಳ ಗುಂಡಿಗಳನ್ನು ಡಬ್ಬಿಯಲ್ಲಿ ತಂದಿಟ್ಟವರು ಮೇಷ್ಟ್ರೇ. ಜಗಳವಾಡುತ್ತಲೇ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುತ್ತಿದ್ದ ಅಂಥ ಜೊತೆ ನಮ್ಮ ಕಚೇರಿ ಮತ್ತೆ ಕಾಣಲಿಲ್ಲ.

'ಎರವಲು' ಮೇಷ್ಟ್ರ ವರಸೆ. ಎದುರಾಳಿಯ ಮೇಜಿನ ಮೇಲಿರುವ ಒಂದು ಕಾರ್ಡನ್ನು ಒಂದು ಸರದಿಯ ಮಟ್ಟಿಗೆ ತೆಗೆದುಕೊಂಡು ಬಳಸಬಹುದು. ಆದರೆ ಸರದಿ ಮುಗಿದೊಡನೆ ಒಂದು ಗುಂಡಿ ಸೇರಿಸಿ, ಬಲ ಹೆಚ್ಚಿಸಿ, ಹಿಂದಿರುಗಿಸಬೇಕು. ಗೆಲ್ಲಲು ಹೊರಟವನು ಎದುರಾಳಿಯನ್ನೂ ಬೆಳೆಸದೆ ಗೆಲ್ಲುವಂತಿಲ್ಲ. ಇಂಥದ್ದೊಂದನ್ನು ಈ ಆಟದಲ್ಲಿ ಯಾರೂ ಯೋಚಿಸಿರಲಿಲ್ಲ. ಚೀಟಿಗಳು ಬಿಳಿ ಕವರು ಸೇರಿದವು, ಮೇಷ್ಟ್ರು ಗೋಡೆಗೆ ಒರಗಿದರು, ಆಟ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಮೇಜು ರಣರಂಗವಾಯಿತು. ತೆಗೆದುಕೊಂಡವರು ಹಿಂದಿರುಗಿಸಲು ಮರೆತರು, ಕೊಟ್ಟವರು ಕೇಳಲು ಮರೆತರು. ನೆನಪಾದಾಗ ಯಾವುದು ಯಾರದೆಂದು ತಿಳಿಯದೆ ಒಬ್ಬರ ಕಾರ್ಡನ್ನು ಇನ್ನೊಬ್ಬರು ಎಳೆದಾಡಿದರು. ಮೇಜು ಬದಲಿಸಿ ಆಡಿಸಿದರು, ಆಟಗಾರರನ್ನು ಬದಲಿಸಿ ಆಡಿಸಿದರು, ರಂಪಾಟ ಮಾತ್ರ ಬದಲಾಗಲಿಲ್ಲ. ಆಡುವವರಿಗೆ ನೆನಪಿರದ ನಿಯಮ ನಿಯಮವೇ ಅಲ್ಲ ಎಂದು ಮೇಡಂ ಎದ್ದರು. ಆಗ ಗೋಡೆಯ ಬಳಿಯಿಂದ ಮೇಷ್ಟ್ರು ಮೆಲ್ಲಗೆ, "ಕವರ್ ಬದಲಾಯಿಸಿ ಇನ್ನೊಂದು ಸಲ ಆಡಿಸಿ ನೋಡೋಣ್ವಾ ಮೇಡಂ?" ಎಂದರು.

ಮೇಡಂ ತಿರುಗಿ, "ಅಂಗಿ ಬದಲಾಯಿಸಿದ್ರೆ ಜ್ವರ ಬಿಡುತ್ತಾ ಮೇಷ್ಟ್ರೇ?" ಎಂದರು.

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ಎರವಲು ಗಾಜಿನ ಕೆಳಗೆ ಸೇರಿತು. ಆ ಕಂತು ಹೊರಬಂದ ಮೇಲೆ ಮೇಷ್ಟ್ರು, ಶಾಲೆಯಿಂದ ಕರೆ ಬಂದಿದೆ, ಮಕ್ಕಳ ಜೊತೆ ಇರುವುದೇ ತಮಗೆ ಒಗ್ಗುತ್ತದೆ ಎಂದು ಹೇಳಿ ಹೊರಟರು. ಬೀಳ್ಕೊಡುಗೆಯಲ್ಲಿ ಮೇಡಂ ಬಹಳ ಚೆನ್ನಾಗಿ ಮಾತಾಡಿದರೆಂದು ಕೇಳಿದವರೆಲ್ಲ ಹೇಳುತ್ತಾರೆ. ಗುಂಡಿಯ ಡಬ್ಬಿ ಮಾತ್ರ ಇಲ್ಲೇ ಉಳಿಯಿತು.

ವರ್ಷಗಳು ಉರುಳಿದವು. ಮೇಡಂ ಮುಖ್ಯ ವಿನ್ಯಾಸಕಿಯಾದರು, ದೂರದೂರುಗಳಿಂದ ಬಂದವರು ಅವರ ಕೋಣೆಯನ್ನು ನೋಡಿ ಅಂಥದ್ದೇ ಕೋಣೆ ಕಟ್ಟಿಕೊಂಡರು. ಹೋದ ವರ್ಷ ಒಂದು ರಜೆಯ ದಿನ ಅವರು ತಂಗಿಯ ಮನೆಗೆ ಹೋಗಿದ್ದರು. ತಂಗಿಯ ಮೊಮ್ಮಕ್ಕಳಿಬ್ಬರು ನೆಲದ ಮೇಲೆ ಮಕಾಡೆ ಮಲಗಿ ನಮ್ಮದೇ ಆಟ ಆಡುತ್ತಿದ್ದರು. ದೊಡ್ಡವಳು ಸೋಲುವ ಹಂತಕ್ಕೆ ಬಂದಾಗ ಚಿಕ್ಕವಳ ಕಾರ್ಡೊಂದನ್ನು ಕೇಳಿ ಪಡೆದು, ಒಂದು ಸರದಿ ಆಡಿ, ತಾನಾಗಿಯೇ ಅದರ ಜಾಗಕ್ಕೆ ಮರಳಿಸಿದಳು. ಅದು ಅವರಿಬ್ಬರೇ ಮಾಡಿಕೊಂಡ ಮನೆಯ ನಿಯಮ. ಮೇಡಂ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಮರಳಿಸಬೇಕೆಂದು ಹೇಗೆ ನೆನಪಿರುತ್ತದೆ ಎಂದು ಕೇಳಿದರು.

ಚಿಕ್ಕವಳು ತಲೆ ಎತ್ತದೆ, "ನನ್ ಕವರ್ ಹಸಿರು, ಅವಳದ್ದು ಕೆಂಪು. ಕಾಣ್ಸಲ್ವಾ ಅಜ್ಜಿ?" ಎಂದಳು.

ಪ್ರತಿ ಆಟಗಾರನೂ ತನ್ನ ಕಾರ್ಡುಗಳನ್ನು ತನಗಿಷ್ಟವಾದ ಬಣ್ಣದ ಕವರಿನಲ್ಲೇ ಇಡುತ್ತಾನೆ. ಅದು ಕಚೇರಿಯ ಕಾವಲಿನವನಿಗೂ ಗೊತ್ತು. ಎಲ್ಲ ಮನೆಯಲ್ಲೂ ಇದ್ದ ಆ ಬಣ್ಣ ಒಂದೇ ಒಂದು ಕೋಣೆಯಲ್ಲಿ ಇರಲಿಲ್ಲ. ಆ ಕೋಣೆಯನ್ನು ಕಟ್ಟಿದವರು ತಾವೇ. ಎರವಲು ಸೋತಿರಲಿಲ್ಲ, ಬಿಳಿ ಕವರು ಅದನ್ನು ಸೋಲಿಸಿತ್ತು. ಮೇಷ್ಟ್ರು ಅದನ್ನು ಅಂದೇ ಕಂಡು ಒಂದೇ ವಾಕ್ಯದಲ್ಲಿ ಹೇಳಿದ್ದರು.

ಮರುದಿನವೇ ಎರಡು ಬಣ್ಣದ ಕವರು ತರಿಸಿ ಗಾಜಿನ ಕೆಳಗಿನ ಚೀಟಿಗಳನ್ನು ಆಡಿಸಿದರು. ವರಸೆ ನೀರು ಹರಿದಂತೆ ನಡೆಯಿತು. ಹುಡುಗರು ಕುಣಿದಾಡಿದರು, ಮುಂದಿನ ಕಂತಿಗೆ ಇದೇ ಎಂದು ತೀರ್ಮಾನವಾಯಿತು. ಮೇಡಂ ಮಾತ್ರ ಆ ಸಂತೋಷದಲ್ಲಿ ಪಾಲು ತೆಗೆದುಕೊಳ್ಳಲಿಲ್ಲ. ನಿವೃತ್ತಿಗೆ ಮುಂಚೆ ಮೇಷ್ಟ್ರ ಮುಂದೆ ನಿಂತು, ನೀವು ಹೇಳಿದ್ದೇ ಸರಿ ಎಂದು ಒಂದು ಮಾತು ಹೇಳಬೇಕು, ಅಚ್ಚಿಗೆ ಹೋಗುವ ಮೊದಲು ಅವರನ್ನು ಕರೆತಂದು ಅದೇ ಕೋಣೆಯಲ್ಲಿ ಕೂರಿಸಬೇಕು ಎಂಬ ಒಂದೇ ಆಸೆ ಅವರನ್ನು ಕಾಡುತ್ತಿತ್ತು.

ಚೀಟಿ, ಕವರು, ಗುಂಡಿಯ ಡಬ್ಬಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ವಿಳಾಸ ಹುಡುಕಿಕೊಂಡು ಹೋದರು. ಎರಡನೆಯ ಮಹಡಿಯ ಮನೆ, ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದ ಸೊಸೆ, ಕುರ್ಚಿಯಲ್ಲಿ ಮೇಷ್ಟ್ರು. ಮೇಡಂ ಪೀಠಿಕೆಯಿಲ್ಲದೆ ಎಲ್ಲವನ್ನೂ ಹೇಳಿದರು: ಹಸಿರು ಕವರು, ಕೆಂಪು ಕವರು, ಎರವಲು, ತಮ್ಮ ತಪ್ಪು. ಮೇಷ್ಟ್ರು ಸೌಜನ್ಯದಿಂದ ಕೇಳಿಸಿಕೊಂಡರು.

"ಆ ವರಸೆ ಏನಿತ್ತೋ, ನಿಜವಾಗ್ಲೂ ಮರೆತುಹೋಗಿದೆ ಮೇಡಂ," ಎಂದರು. "ಜ್ವರದ ಮಾತು ಮಾತ್ರ ನೆನಪಿದೆ."

ಅಂದು ಯಾಕೆ ಹಟ ಹಿಡಿದು ಹೇಳಲಿಲ್ಲ ಎಂದು ಮೇಡಂ ಕೇಳಿದರು. "ಮಾಡಿದವರು ಮಾತಾಡಬಾರದು ಅಂತ ನೀವೇ ಹಾಕಿದ್ರಲ್ಲ. ನಾನು ಶಾಲೆಯವನು. ಬೋರ್ಡಲ್ಲಿ ಬರೆದಿದ್ದನ್ನ ನಂಬ್ತೀನಿ," ಎಂದು ಮೇಷ್ಟ್ರು ನಕ್ಕರು. ಆಮೇಲೆ ಬೇರೆ ವರಸೆಗಳನ್ನೇನಾದರೂ ಮಾಡಿದಿರಾ ಎಂಬುದಕ್ಕೆ, ಕೆಲವು ದಿನ ಬಸ್ಸಿನಲ್ಲಿ ಹೊಳೆಯುತ್ತಿದ್ದವು, ಬರೆದುಕೊಳ್ಳಲು ಮನಸ್ಸು ಬರಲಿಲ್ಲ, ಕೊನೆಗೆ ಹೊಳೆಯುವುದೇ ನಿಂತಿತು ಎಂದರು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಮೇಡಮ್ಮಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಜೀವಮಾನವಿಡೀ ಯಾರಿಗೂ ವರಸೆ ವಿವರಿಸದ ಅವರು ಅಂದು ಬಾಯಿ ಬಿಟ್ಟು, ಮೇಷ್ಟ್ರ ವರಸೆಯನ್ನು ಮೇಷ್ಟ್ರಿಗೇ ಮೊದಲಿನಿಂದ ಹೇಳಿಕೊಟ್ಟರು. ಇಬ್ಬರೂ ಒಂದು ಆಟ ಆಡಿದರು. ಮೇಷ್ಟ್ರು ಅವರ ಕಾರ್ಡನ್ನು ಪಡೆದು, ಆಡಿ, ತಮ್ಮದೇ ಹಳೇ ಡಬ್ಬಿಯ ಗುಂಡಿಯೊಂದನ್ನು ಅದರ ಮೇಲಿಟ್ಟು ಮರಳಿಸಿ, ಚೆನ್ನಾಗಿದೆ ಎಂದರು. ಬೇರೆ ಯಾರೋ ಮಾಡಿದ್ದನ್ನು ಮೆಚ್ಚುವ ದನಿ ಅದು. ಕಚೇರಿಗೆ ಮಾತ್ರ ಬರಲೊಪ್ಪಲಿಲ್ಲ. ಈಗ ಯಾಕೆ, ಟೀ ಆರಿಹೋಗುತ್ತೆ ಕುಡಿಯಿರಿ ಎಂದರು.

ಎರವಲು ಮುಂದಿನ ಕಂತಿನಲ್ಲಿ ಬರುತ್ತಿದೆ. ಖಂಡಿತ ಗೆಲ್ಲುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಈಗ ಎರಡು ಬಣ್ಣದ ಕವರುಗಳಿವೆ. ಹಳೆಯ ಬೋರ್ಡಿನ ಕೆಳಗೆ ಅದೇ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿದೆ: 'ಆಟ ಮುಗಿದ ಮೇಲೆ ಮೊದಲ ಮಾತು ಮಾಡಿದವರದು.' ಇದನ್ನು ತೋರಿಸಿ ನಾವೆಲ್ಲ ಮೇಡಮ್ಮಿಗೆ ಸಮಾಧಾನ ಹೇಳಿದೆವು. ಒಂದು ವರಸೆ ವಾಪಸು ಬಂತು ಎಂದು ನೀವು ಹೇಳುತ್ತೀರಿ, ಬಸ್ಸಿನಲ್ಲಿ ಹೊಳೆದು ಹೋದವುಗಳನ್ನು ಯಾರು ತಂದುಕೊಡುತ್ತಾರೆ ಎಂದು ಅವರು ಕೇಳಿದರು.

ಹಿರಿಯರನ್ನು ಕಳುಹಿಸಿಕೊಡುವಾಗ ವಿಶ್ರಾಂತಿಯನ್ನು ಹಾರೈಸುವುದು ರೂಢಿ. ನಾವು ಅದನ್ನು ಹಾರೈಸುವುದಿಲ್ಲ, ಏಕೆಂದರೆ ಅವರು ಆಗಲೇ ಹೊಸ ಕೆಲಸ ಹಿಡಿದಿದ್ದಾರೆ. ವಾರಕ್ಕೊಮ್ಮೆ ಬಿಳಿ ಚೀಟಿ, ಒಂದು ಪೆನ್ಸಿಲು, ಎರಡು ಬಣ್ಣದ ಕವರು ತೆಗೆದುಕೊಂಡು ಆ ಎರಡನೆಯ ಮಹಡಿಗೆ ಹತ್ತಿ, ಮೇಷ್ಟ್ರ ಮುಂದಿಟ್ಟು, ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಇಷ್ಟು ದಿನವೂ ಚೀಟಿಗಳು ಬಿಳಿಯಾಗಿಯೇ ಮರಳಿವೆ. ಹೋದ ವಾರ ಇವರು ಹೋಗುವಷ್ಟರಲ್ಲಿ ಮೇಷ್ಟ್ರು ತಾವೇ ಒಂದು ಪೆನ್ಸಿಲು ಕೆತ್ತಿ ಇಟ್ಟುಕೊಂಡಿದ್ದರಂತೆ. ಬರೆಯಲಿಲ್ಲ, ಕೆತ್ತಿದ್ದರು ಅಷ್ಟೇ. ನಮ್ಮ ಕತ್ತರಿ ಮೇಡಮ್ಮಿಗೂ ಅವರ ಮೇಷ್ಟ್ರಿಗೂ ಆ ಚೀಟಿಯ ಮೇಲೆ ಒಂದು ಸಾಲು ಮೂಡುವವರೆಗೆ, ಅದನ್ನು ಆಡಿ ನೋಡುವವರೆಗೆ, ಆಡಿದ ಮೇಲೆ ಮೇಷ್ಟ್ರು ಮೊದಲ ಮಾತು ಆಡುವವರೆಗೆ ಆಯುಸ್ಸು ಇರಲಿ.