ಕುಂತು ಹೋಗುವ ತಯಾರಿ

ಪೀಣ್ಯದಲ್ಲಿ ಗೇರ್ ಮಾಡುವ ಸಣ್ಣದೊಂದು ಕಾರ್ಖಾನೆ. ಅಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಅಳತೆ ಸರಿಯಿಲ್ಲದ ಮಾಲನ್ನು ಹಿಡಿದು ವಾಪಸ್ ಕಳಿಸುವುದೇ ನನ್ನ ಕೆಲಸ. ಆ ಚಟ ಮನೆಗೂ ಬಂದುಬಿಟ್ಟಿತ್ತು. ಸೊಪ್ಪಿನವಳು ಕೊಟ್ಟ ಕಟ್ಟಾಗಲಿ, ಗಂಡ ಒಗೆದು ಹರವಿದ ಬಟ್ಟೆಯಾಗಲಿ ನನ್ನ ಕೈಯಲ್ಲಿ ಒಂದೇ ಸಲಕ್ಕೆ ಪಾಸಾಗುತ್ತಿರಲಿಲ್ಲ. ಮನೆಯಲ್ಲಿ ನನ್ನ ಬಾಯಿ ಮುಚ್ಚಿಸುವ ತಾಕತ್ತಿದ್ದದ್ದು ಒಬ್ಬರಿಗೇ, ನನ್ನ ಅತ್ತೆಗೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾಗಸಂದ್ರದಲ್ಲಿ ನಮ್ಮ ಬಾಡಿಗೆ ಮನೆ. ನಾನು ದಾವಣಗೆರೆಯವಳು, ಅತ್ತೆ ಬಾಗಲಕೋಟೆ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಬಂದಿದ್ದರು. ಬಂದ ವರ್ಷವೇ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಲಮಂಡಿ ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಮಂಡಿ ಮಾತ್ರ ಮಡಚುವುದನ್ನು ಮರೆಯಿತು. ಓಡಾಡಲು ತೊಂದರೆಯಿರಲಿಲ್ಲ. ಆದರೆ ಕೂರುವುದೆಲ್ಲ ಕುರ್ಚಿಯ ಮೇಲೆ, ಬಲಗಾಲನ್ನು ನೆಟ್ಟಗೆ ಮುಂದೆ ಚಾಚಿಕೊಂಡು. ಅಂಗೈಯಲ್ಲಿ ಲಿಂಗ ಹಿಡಿದು ಮಾಡುವ ಬೆಳಗಿನ ಪೂಜೆಯೂ ಕುರ್ಚಿಯಲ್ಲೇ ಆಗುತ್ತಿತ್ತು.

ಒಂದು ದಿನ ನಮ್ಮ ಬಡಾವಣೆಯ ಡಾಕ್ಟರು ಅತ್ತೆಯ ಎದೆ ಪರೀಕ್ಷಿಸಿ, ಹೃದಯ ಸ್ವಲ್ಪ ಸೋತಿದೆ, ಜೋಪಾನವಾಗಿರಬೇಕು ಎಂದರು. ಆ ಸಂಜೆ ಅತ್ತೆ ಮಗನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಶುರು ಮಾಡಿದರು.

"ಹೋಗೂದಕ್ಕ ನಾ ಏನ್ ಅಂಜೂದಿಲ್ಲ. ಆದ್ರ ಈ ಕಾಲು ಮಡಚಲಿಲ್ಲಂದ್ರ ನನ್ನ ಹೆಂಗ ಕುಂದರಸ್ತೀರಿ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಅದೂ ಮಲಗಿಸಿ ಅಲ್ಲ. ಕಾಲು ಮಡಚಿ ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಸುತ್ತಲೂ ವಿಭೂತಿ, ಬಿಲ್ವಪತ್ರೆ ತುಂಬಿ ಮುಚ್ಚುತ್ತೇವೆ. ಜೀವ ಇರುವಷ್ಟು ದಿನ ಪೂಜೆಗೆ ಹೇಗೆ ಕೂರುತ್ತೇವೋ ಹಾಗೆಯೇ ಹೊರಡುವುದು. ಅತ್ತೆ ಅದನ್ನು 'ಕುಂತು ಹೋಗೂದು' ಎನ್ನುತ್ತಿದ್ದರು. ಮಾವ ಹಾಗೇ ಕುಂತು ಹೋಗಿದ್ದರು. ತಾವೊಬ್ಬರೇ ಕಾಲು ಚಾಚಿಕೊಂಡು ಹೋಗಬೇಕಾಗುತ್ತದಲ್ಲ ಎಂಬುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

"ಅವ್ವಾ, ಆ ಸುದ್ದಿ ಬಿಡು," ಎಂದ ನನ್ನ ಗಂಡ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟೇಬಿಟ್ಟ.

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ತಾಯಿ ಮನಸ್ಸು ಬಿಚ್ಚಿ ಕೇಳುತ್ತಿರುವಾಗ ಎದ್ದು ಹೋಗುವುದು ಯಾವ ಸೀಮೆಯ ಪ್ರೀತಿ? ಕಾರ್ಖಾನೆಯಲ್ಲಿ ಅಳತೆ ತಪ್ಪಿದ ಮಾಲನ್ನೆಲ್ಲ ಗುಜರಿಗೆ ಹಾಕುವುದಿಲ್ಲ, ತಿದ್ದಲು ಬರುತ್ತದೆಯೇ ಎಂದು ಮೊದಲು ನೋಡುತ್ತೇವೆ. ಮಂಡಿಯನ್ನೂ ನೋಡಿಯೇಬಿಡೋಣ ಎಂದು ಮಾರನೆಯ ದಿನ ರಜೆ ಹಾಕಿ ಅತ್ತೆಯನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಬೆಂಗಳೂರಿನವರು, ನಮ್ಮ ಪದ್ಧತಿ ಗೊತ್ತಿಲ್ಲದವರು. "ಏನಜ್ಜಿ, ಮಂಡಿ ಬಗ್ಗಿಸ್ಬೇಕಾ? ಆರಾಮಾಗಿ ನಡೀತಿದ್ದೀರಲ್ಲ?" ಎಂದರು.

"ನಡಿಯಾಕಲ್ರೀ. ನಾ ಕುಂತು ಹೋಗಬೇಕ್ರಿ," ಎಂದರು ಅತ್ತೆ.

"ಓ, ಅಷ್ಟೇನಾ! ಅಜ್ಜಿ, ಮುಂದ್ಗಡೆ ಬಾಗ್ಲಲ್ಲಿ ಹತ್ಕೊಳ್ಳಿ. ವಯಸ್ಸಾದೋರು ಅಂದ್ರೆ ಯಾರಾದ್ರೂ ಎದ್ದು ಸೀಟ್ ಕೊಟ್ಟೇ ಕೊಡ್ತಾರೆ."

"ಯಾರು ಏಳ್ತಾರ್ರೀ? ಅಲ್ಲಿ ಒಮ್ಮೆ ಕುಂತವ್ರು ಏಳೂದೇ ಇಲ್ಲ!"

"ಹೌದೌದು, ಈ ಮೆಜೆಸ್ಟಿಕ್ ಬಸ್ಸಲ್ಲಿ ಯಾವಾಗ್ಲೂ ಇದೇ ಗೋಳು."

ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಮೇಲೆ ವಿಷಯ ಬಿಡಿಸಿ ಹೇಳಿದೆ. ಡಾಕ್ಟರ ಮುಖ ಒಂದು ಕ್ಷಣ ಪೆಚ್ಚಾಯಿತು. ಅಷ್ಟರಲ್ಲಿ ಅತ್ತೆಯೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ್ದರಿಂದ ಅವರೂ ನಕ್ಕುಬಿಟ್ಟರು. ನಕ್ಕು ಮುಗಿಸಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ನಮ್ಮ ಮನೆಯವರೇ ಎಂಬಂತೆ ಎಲ್ಲವನ್ನೂ ಹೇಳಿಕೊಟ್ಟರು. ಬಿಸಿನೀರಿನ ಶಾಖ ಕೊಟ್ಟು, ಹೃದಯಕ್ಕೆ ಆಯಾಸವಾಗದಂತೆ ದಿನಕ್ಕಿಷ್ಟಿಷ್ಟೇ ಮಂಡಿ ಬಗ್ಗಿಸಬೇಕು. ಕೊನೆಗಾಲದಲ್ಲಿ ಮನೆಯಲ್ಲೇ ಇರಬೇಕೆಂಬುದು ಅಜ್ಜಿಯ ಇಷ್ಟವಾದರೆ ಅದನ್ನು ಈಗಲೇ ಮನೆಮಂದಿಗೆಲ್ಲ ತಿಳಿಸಿರಬೇಕು. ಆ ಹೊತ್ತಿಗೆ ತಮ್ಮನ್ನು ಕರೆದರೆ ತಾವೇ ಮನೆಗೆ ಬರುವುದಾಗಿ ಹೇಳಿದರು. ಜೀವ ಹೋದ ಮೇಲೆ ಮೈ ಸೆಟೆದುಕೊಳ್ಳುವುದಕ್ಕೆ ಮುಂಚೆ ಕಾಲು ಮಡಚಿಬಿಡಬೇಕು.

"ಇವರು ನೋಡವಾ ಡಾಕ್ಟರ್ ಅಂದ್ರ," ಎಂದು ಅತ್ತೆ ದಾರಿಯುದ್ದಕ್ಕೂ ಹೊಗಳಿದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಹಬ್ಬದಂಥ ಗಲಾಟೆ. ನಾನು ಕಾರ್ಖಾನೆಯಿಂದ ಕೋನ ಅಳೆಯುವ ಹಳೆಯ ಸಾಧನವೊಂದನ್ನು ಕೇಳಿ ತಂದೆ. ಸಂಜೆ ಶಾಖ ಕೊಟ್ಟಾದ ಮೇಲೆ ಮಂಡಿಗೆ ಹಿಡಿದು ಅಳೆಯುತ್ತಿದ್ದೆ. ಎರಡು ಡಿಗ್ರಿ ಮುಂದಕ್ಕೆ ಹೋದರೆ ಅತ್ತೆ ಓಣಿಗೆಲ್ಲ ಸಾರಿಕೊಂಡು ಬರುತ್ತಿದ್ದರು. "ನಂದು ಎಂಬತ್ತಕ್ಕ ಬಂತ್ರೀ" ಎಂದರೆ ಎದುರುಮನೆಯಾಕೆ ಬಿ.ಪಿ. ಎಂದುಕೊಂಡು, "ಅಯ್ಯೋ ಕಮ್ಮಿ ಆಯ್ತಲ್ಲಜ್ಜಿ, ಉಪ್ಪು ನೀರು ಕುಡೀರಿ" ಎಂದು ಗಾಬರಿಯಾಗುತ್ತಿದ್ದಳು.

ಮಂಡಿಯ ಜೊತೆಗೆ ಆರೈಕೆಯ ತಾಲೀಮೂ ನಡೆಯಿತು. ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ಹೊರಳಿಸುವುದು, ಅವರು ಮಲಗಿದ್ದಂತೆಯೇ ಹಾಸಿಗೆಯ ಬಟ್ಟೆ ಬದಲಿಸುವುದು ಹೇಗೆಂದು ಡಾಕ್ಟರು ನನಗೆ ತೋರಿಸಿಕೊಟ್ಟಿದ್ದರು. ಬೇಕಾದಾಗ ತಡವರಿಸಬಾರದು, ಈಗಲೇ ಕಲಿ ಎಂದು ಅತ್ತೆ ಭಾನುವಾರ ಭಾನುವಾರ ಮಂಚದ ಮೇಲೆ ಮಲಗಿಬಿಡುತ್ತಿದ್ದರು.

"ಈಗ ನನಗ ಎಚ್ಚರಿಲ್ಲ ಅಂತ ತಿಳಕೋ," ಎಂದು ಕಣ್ಣು ಮುಚ್ಚುವುದು. ನಾನು ಕೈ ಹಾಕಿದ್ದೇ ತಡ, "ಏ ಹುಡುಗೀ, ಹಂಗಲ್ಲ, ಭುಜಾ ಹಿಡಿ. ಎಳೀಬ್ಯಾಡ, ಹೊಳ್ಳಸು!"

"ಎಚ್ಚರ ಇಲ್ಲದೋರು ಇಷ್ಟು ಮಾತಾಡಲ್ಲ ಅತ್ತೆ."

"ನಾ ಮಾತಾಡ್ತೀನಿ. ನಿನ್ನಂಥ ಸೊಸಿ ಇದ್ರ ಹೆಣಾನೂ ಮಾತಾಡ್ತೈತಿ!"

ಇಷ್ಟೆಲ್ಲ ನಡೆಯುತ್ತಿದ್ದರೂ ನನ್ನ ಗಂಡ ಮಾತ್ರ ಈ ಕಡೆ ತಲೆ ಹಾಕಲಿಲ್ಲ. ನಾವಿಬ್ಬರು ಮಂಚದ ಹತ್ತಿರ ಹೋದರೆ ಅವನು ಪೇಪರ್ ಹಿಡಿದು ಅಂಗಳಕ್ಕೆ ಹೋಗುತ್ತಿದ್ದ. ಅತ್ತೆ ಅವನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಅವರ ಪಾಲಿನದನ್ನೂ ಸೇರಿಸಿ ಅನ್ನುತ್ತಿದ್ದೆ.

ಜಾಗ ನೋಡುವುದೂ ಬಾಕಿಯಿತ್ತು. ಊರಿನವರೆಗೆ ಹೊತ್ತೊಯ್ಯುವ ಉಸಾಬರಿ ಬೇಡ, ನೀವು ಇಲ್ಲಿರುವಾಗ ನಾನು ಅಲ್ಲೇನು ಮಾಡಲಿ ಎಂದು ಅತ್ತೆ ಮೊದಲೇ ಹೇಳಿದ್ದರು. ಚಿಕ್ಕಬಾಣಾವರದ ಆಚೆ ನಮ್ಮವರಿಗೆಂದೇ ಒಂದು ರುದ್ರಭೂಮಿ ಇದೆಯೆಂದು ಗೊತ್ತಾಗಿ, ಅತ್ತೆ ಸೊಸೆ ಇಬ್ಬರೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಆಟೋದಲ್ಲಿ ಹೋದೆವು. ಅಲ್ಲಿ ನೋಡಿಕೊಳ್ಳುತ್ತಿದ್ದ ಮುದುಕ ಎದ್ದು ಬಂದು, "ಯಾರ್ಗವ್ವಾ ಜಾಗ? ಎಸ್ಟೊತ್ಗೆ ತತ್ತೀರಾ?" ಎಂದ.

"ನನಗಪಾ. ಅವಸರೇನಿಲ್ಲ," ಎಂದರು ಅತ್ತೆ.

ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. "ಅಂಗಾದ್ರೆ ಇಂಗೆ ಬನ್ನಿ ತಾಯಿ, ಈ ಒಂಗೆ ಮರದ್ ತಾವ ನೆಳ್ಳೈತೆ," ಎಂದು ಒಳಗೆ ಕರೆದೊಯ್ದ. ಅತ್ತೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಉಜ್ಜಿ ನೋಡಿದರು. ಕೆಂಪು ಮಣ್ಣು. ನಮ್ಮ ಕಡೆಯ ಎರೆಮಣ್ಣಿನ ಹಾಗೆ ಇದು ಮಳೆಗೆ ಅಂಟುವುದಿಲ್ಲ, ಚಲೋ ಐತಿ ಎಂದು ಒಪ್ಪಿಗೆ ಕೊಟ್ಟರು. ಆ ಮರದ ಕೆಳಗೇ ಮೂವರೂ ರೊಟ್ಟಿ ತಿಂದೆವು. ಅತ್ತೆ ಮಾತ್ರ ನಿಂತುಕೊಂಡೇ ತಿಂದರು, ಕೂರಲು ಅಲ್ಲಿ ಕುರ್ಚಿಯಿರಲಿಲ್ಲ.

ಮನೆಗೆ ಬಂದು ನಾನು ಅದನ್ನು ನನ್ನ ಗಂಡನಿಗೆ ಹೇಳಿದೆ. ನಿಂತೇ ತಿಂದರು ಎಂದಾಗ ಅವನು ಪೇಪರ್ ಮಡಚಿಟ್ಟ. ಮೂರ್ನಾಲ್ಕು ದಿನ ಬಿಟ್ಟು ತನ್ನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವಾಗ, ಯಂತ್ರದ ಪೆಟ್ಟಿಗೆಗಳಿಂದ ಬಿಚ್ಚಿದ ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದ. ಚುಚ್ಚದ ಹಾಗೆ ಉಜ್ಜಿ, ಒಂದರ ಮೇಲೊಂದು ಪೇರಿಸಿ, ಕುರ್ಚಿಗಿಂತ ತುಸು ತಗ್ಗಿನ ಪೀಠ ಮಾಡಿದ. "ಇದರ ಮ್ಯಾಲೆ ಕುಂದರು. ವಾರಕ್ಕ ಒಂದೊಂದು ಹಲಿಗಿ ತೆಗಿಯೂಣು. ಕಾಲಿಗೆ ಚಲೋ," ಎಂದ. ಯಾತಕ್ಕೆ ಚಲೋ ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅತ್ತೆ ಮಗನ ತಲೆ ಸವರಿದರು. ಅವತ್ತು ಅವನ ಮೇಲಿನ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಹಲಗೆಗಳು ಒಂದೊಂದಾಗಿ ಕಡಿಮೆಯಾದವು. ಕೆಲವು ವಾರ ನೋವೆಂದು ಒಂದೂ ತೆಗೆಯಲಾಗುತ್ತಿರಲಿಲ್ಲ. ಒಮ್ಮೆ ತೆಗೆದದ್ದನ್ನು ಮತ್ತೆ ಇಟ್ಟದ್ದೂ ಉಂಟು. ಪ್ರತಿ ಸೋಮವಾರ ನನ್ನ ಗಂಡ ಕೇಳುತ್ತಿದ್ದ, "ಒಂದು ತೆಗೀಲೇನ್ವಾ?"

ಶ್ರಾವಣದ ಒಂದು ಬೆಳಿಗ್ಗೆ ಉಳಿದ ಕೊನೆಯ ಹಲಗೆಯನ್ನು ಅತ್ತೆಯೇ ಕಾಲಿನಿಂದ ಆಚೆ ತಳ್ಳಿದರು. ಗೋಡೆ ಹಿಡಿದುಕೊಂಡು ಇಳಿದರು. ಹಲ್ಲು ಕಚ್ಚಿ ಬಲಗಾಲನ್ನು ಕೈಯಿಂದ ಒಳಕ್ಕೆ ಎಳೆದುಕೊಂಡರು. ಬರಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದರು. ನಾವಿಬ್ಬರೂ ಪಕ್ಕದಲ್ಲೇ ನಿಂತಿದ್ದೆವು. ಪೂಜೆ ಮುಗಿದ ಮೇಲೆ ಕಣ್ಣು ಬಿಟ್ಟು, "ಆತು. ಇನ್ನ ಯಾವಾಗರ ಕರೀಲಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೆಂಗೂ ಕುಂತೀನಿ, ಸ್ಟೋವು, ಹಿಟ್ಟು ಇಲ್ಲೇ ತಾ. ನೀ ಬಡಿಯೋ ರೊಟ್ಟಿ ತಿಂದು ತಿಂದು ನನ್ನ ಹಲ್ಲು ಸಡಲ್ಯಾವು," ಎಂದರು. ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಓಡಿಹೋಗಿ ಸ್ಟೋವು ತಂದೆ.

ಕರೆಯುವವನೂ ಅವಸರ ಮಾಡಲಿಲ್ಲ. ಅತ್ತೆ ಮತ್ತೆ ನಾಲ್ಕಾರು ವರ್ಷ ನೆಲದ ಮೇಲೆ ರಾಣಿಯ ಹಾಗೆ ಕೂತರು. ರೊಟ್ಟಿ ಬಡಿದರು, ಎದುರುಮನೆಯಾಕೆಯ ಜೊತೆ ಚೌಕಾಬಾರ ಆಡುತ್ತಾ ಕಳ್ಳಾಟಕ್ಕೆ ಬೈಸಿಕೊಂಡರು. ನಮ್ಮ ಮಗಳು ಹುಟ್ಟಿದಾಗ ಅದೇ ಮಡಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ತಟ್ಟಿ ನಿದ್ದೆ ಮಾಡಿಸಿದರು. ಕೊನೆಯ ಒಂದು ತಿಂಗಳು ಮಾತ್ರ ಹಾಸಿಗೆ ಹಿಡಿದರು. ಆಗ ನನ್ನ ಕೈಗಳಿಗೆ ಎಲ್ಲ ಗೊತ್ತಿತ್ತು, ಗಾಬರಿಯಾಗಲಿಲ್ಲ. ಆಸ್ಪತ್ರೆಗೆ ಒಯ್ಯಿರಿ ಎಂದು ಬಂದವರು ಹೇಳಿದಾಗ ನನ್ನ ಗಂಡನೇ, "ಇಲ್ರೀ, ಅವ್ವ ಮನ್ಯಾಗ ಇರ್ತೀನಿ ಅಂದಾಳ," ಎಂದ.

ಒಂದು ಬೆಳಿಗ್ಗೆ ನಾನು ಹಾಲು ಕುಡಿಸಲು ಹೋದಾಗ ಅತ್ತೆ ಹೋಗಿಬಿಟ್ಟಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಡಾಕ್ಟರು ಬಂದು ನೋಡಿ ಹೌದೆಂದ ಮೇಲೆ ನಾನೇ ಅತ್ತೆಯ ಬಲಮಂಡಿಗೆ ಕೈ ಹಾಕಿದೆ. ಮಂಡಿ ಮೆತ್ತಗೆ, ಮಗುವಿನದರ ಹಾಗೆ ಮಡಚಿಕೊಂಡಿತು.

ಆ ಸಂಜೆ ಹೊಂಗೆ ಮರದ ಕೆಳಗಿನ ಗುಂಡಿಗೆ, ಕ್ರಿಯೆ ಮಾಡಿಸಲು ಬಂದಿದ್ದ ಸ್ವಾಮಿಗಳ ಜೊತೆ ನನ್ನ ಗಂಡನೂ ಇಳಿದ. ಬಹಳ ಹೊತ್ತು ಅವನ ತಲೆಯಷ್ಟೇ ಕಾಣುತ್ತಿತ್ತು. ಮೇಲೆ ಬಂದಾಗ ಮೊಣಕೈತನಕ ವಿಭೂತಿ. ಅವ್ವ ಕುಂತು ಹೋಗುವ ಮಾತನ್ನು ಅದುವರೆಗೆ ಒಮ್ಮೆಯೂ ಬಾಯಿಬಿಟ್ಟು ಆಡದವನು ಸೀದಾ ನನ್ನ ಹತ್ತಿರ ಬಂದು, "ಅವ್ವ ಆರಾಮ ಕುಂತಾಳ. ಬಂದು ನೋಡು," ಎಂದ.

ಹೋಗಿ ಬಗ್ಗಿ ನೋಡಿದೆ. ಕತ್ತು ನೆಟ್ಟಗಿತ್ತು, ಅಂಗೈಯಲ್ಲಿ ಲಿಂಗವಿತ್ತು, ಎರಡೂ ಕಾಲುಗಳು ಸಮನಾಗಿ ಮಡಚಿದ್ದವು. ನನಗೆ ಜೋರಾಗಿ ಅಳು ಬಂತು. ಅದರ ಜೊತೆಗೇ, ಹೇಳಲು ನನಗೇನೂ ನಾಚಿಕೆಯಿಲ್ಲ, ಬಹಳ ಸಂತೋಷವೂ ಆಯಿತು.