ಗೋಪುರ ಮತ್ತು ಗೋಬರ್ ಗ್ಯಾಸು

ಬೆಳಗಿನ ಚಹಾದ ಮಟ್ಟಿಗೆ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವ ಅಧಿಕಾರ ನನ್ನದು. ಅದಕ್ಕಿಂತ ಹೆಚ್ಚಿನ ಪಾಕಾಧಿಕಾರವನ್ನು ನನ್ನ ಹೆಂಡತಿ ನನಗೆ ಎಂದೂ ದಯಪಾಲಿಸಿಲ್ಲ. ನಾನೂ ಮೇಲ್ಮನವಿ ಸಲ್ಲಿಸಿಲ್ಲ. ಗುಂಡಿ ತಿರುವಿ ಕಡ್ಡಿ ಹಿಡಿದೊಡನೆ 'ಭುಸ್' ಎಂದು ನೀಲಿ ಉರಿ ಅರಳುತ್ತದಲ್ಲ, ಆಗ ನನ್ನ ಮುಖದ ಮೇಲೆ ಕಾರಣವಿಲ್ಲದ ಒಂದು ನಗೆ ಮೂಡುತ್ತದೆಂದು ಅವಳ ಆಕ್ಷೇಪ. ಕಾರಣ ಇದೆ. ಆದರೆ ಅದನ್ನು ಹೇಳಬೇಕಾದರೆ ನಿಮ್ಮನ್ನು ಎಪ್ಪತ್ತರ ದಶಕದ ಕಲಘಟಗಿ ತಾಲೂಕಿಗೆ, ದುಮ್ಮವಾಡದಿಂದ ಒಂದಿಷ್ಟು ಆಚೆಗಿನ ನಮ್ಮ ಹಳ್ಳಿಗೆ, ಅಲ್ಲಿನ ಸಣ್ಣ ಚರ್ಚಿನ ಅಂಗಳಕ್ಕೆ ಕರೆದುಕೊಂಡು ಹೋಗಬೇಕಾಗುತ್ತದೆ. ಬಿಡುವಿದ್ದರೆ ಬನ್ನಿ.

ನಾನು ಆಗ ಸರಕಾರಿ ಶಾಲೆಯ ಮಾಸ್ತರ. ಊರಿನಲ್ಲಿ ನಮ್ಮ ಕ್ರೈಸ್ತರ ಮನೆಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಸುತ್ತಲಿನ ಹಳ್ಳಿಗಳವರೂ ಸೇರಿದರೆ ಭಾನುವಾರದ ಬಲಿಪೂಜೆಗೆ ಚರ್ಚು ತುಂಬುತ್ತಿತ್ತು. ಚರ್ಚಿಗೆ ಗೋಪುರವಿರಲಿಲ್ಲ. ಬಾಗಿಲ ಪಕ್ಕದಲ್ಲಿ ಎರಡು ಕಲ್ಲುಕಂಬ ನೆಟ್ಟು, ಮೇಲೊಂದು ತೊಲೆ ಹಾಕಿ ಗಂಟೆ ಕಟ್ಟಿದ್ದರು. ಅದರ ದನಿ ಎದುರಿಗಿದ್ದ ಶಿವಬಸಪ್ಪಗೌಡರ ದನದ ಹಕ್ಕಿಯನ್ನು, ಎಂದರೆ ಕೊಟ್ಟಿಗೆಯನ್ನು, ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಈ ನ್ಯೂನತೆಯ ನಿವಾರಣೆಗಾಗಿ ಗೋಪುರ ಸಮಿತಿ ಎಂಬುದೊಂದು ಹುಟ್ಟಿತ್ತು. ಅಧ್ಯಕ್ಷರು ಅಂತೋಣಿ ಕಾಕಾ, ಕಾರ್ಯದರ್ಶಿ ನಾನು. ಡ್ರಾಯಿಂಗ್ ಹಾಳೆಯ ಮೇಲೆ ನಾನು ಬರೆದ ಗೋಪುರದ ನಕ್ಷೆ ಎಷ್ಟು ಭವ್ಯವಾಗಿತ್ತೆಂದರೆ, ಕೆಳಗಿನ ಚರ್ಚು ಅದರ ಚಪ್ಪಲಿಯಂತೆ ಕಾಣುತ್ತಿತ್ತು.

ಕಾಕಾ ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿ, ತಂಬೂರದ ಹಾದಿಯಲ್ಲಿದ್ದ ತಮ್ಮ ಹೊಲದ ಮನೆಯಲ್ಲಿ ಇರುತ್ತಿದ್ದರು. ಗೋಪುರದ ಮೇಲಿನ ಅವರ ಮೋಹ ನನ್ನದರಂತೆ ಬರಿಯ ಅಲಂಕಾರಪ್ರಿಯತೆಯಲ್ಲ. ಅವರ ಹೆಂಡತಿ ಫೆಲ್ಸವ್ವ ಮೊಣಕಾಲಿನ ಬೇನೆಯಿಂದ ಹಾಸಿಗೆ ಹಿಡಿದು ಕೆಲವು ವರ್ಷಗಳಾಗಿದ್ದವು, ಚರ್ಚಿಗೆ ಬರಲಾರಳು. ಎತ್ತರದಿಂದ ಬಾರಿಸಿದರೆ ಗಂಟೆಯ ದನಿಯಾದರೂ ಅವಳ ಕಿವಿಗೆ ಮುಟ್ಟೀತೆಂದು ಕಾಕಾ ತಮ್ಮ ಹೊಲದ ಮಣ್ಣಿನಿಂದಲೇ ಇಟ್ಟಿಗೆ ಸುಡಿಸಿ, ಚರ್ಚಿನ ಅಂಗಳದಲ್ಲಿ ಸಾಲಾಗಿ ಒಟ್ಟಿಸಿಟ್ಟಿದ್ದರು. ಆ ಇಟ್ಟಿಗೆಯ ಮೇಲೆ ಯಾರಾದರೂ ಕೂತರೂ ಅವರಿಗೆ ಸಹನವಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಹಳೆಯ ಪಾದ್ರಿಗಳು ವರ್ಗವಾಗಿ ಫಾದರ್ ಸಿಪ್ರಿಯನ್ ಎಂಬ ಹೊಸಬರು ಬಂದರು. ಕರಾವಳಿಯ ಕಡೆಯವರು, ತೆಳ್ಳಗಿನ ಮೈ, ಪುಸ್ತಕದ ಕನ್ನಡ. ಬಂದ ದಿನವೇ, ಸ್ವಾಗತ ಭಾಷಣವೊಂದನ್ನು ಗಂಟಲಲ್ಲಿಟ್ಟುಕೊಂಡು ನಾನು ಬಾಗಿಲಲ್ಲಿ ನಿಂತಿದ್ದರೆ, ಅವರು ಹಿತ್ತಲಿಗೆ ನಡೆದು ಬೋರ್ಡಿಂಗಿನ ಅಡುಗೆಮನೆಯನ್ನು ಹೊಕ್ಕರು. ಹಳ್ಳಿಗಳಿಂದ ಓದಲು ಬಂದ ಬಡ ಮಕ್ಕಳಿಗಾಗಿ ಚರ್ಚು ನಡೆಸುತ್ತಿದ್ದ ಬೋರ್ಡಿಂಗು ಅದು. ಅಡುಗೆಯ ಮೋನಿಕವ್ವ ಹಸಿ ಕಟ್ಟಿಗೆ ಊದಿ ಊದಿ ಕೆಮ್ಮುವುದು ನಮಗೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಕೆಮ್ಮು ಕೇಳದಿದ್ದರೆ ಊಟ ತಡವೆಂದು ತಿಳಿಯುತ್ತಿದ್ದೆವು. ಫಾದರ್ ಅಡುಗೆ ಮುಗಿಯುವವರೆಗೆ ಅಲ್ಲೇ ಮಣೆಯ ಮೇಲೆ ಕೂತು, ಕಣ್ಣೀರು ಸುರಿಸುತ್ತ ಹೊರಬಂದರು. ಊರಿನ ನೆನಪಾಗಿ ಅಳುತ್ತಿದ್ದಾರೆಂದು ಭಾವಿಸಿ ನಾನು ಸ್ವಾಗತ ಭಾಷಣದ ಬದಲು ಸಾಂತ್ವನ ಭಾಷಣ ಆರಂಭಿಸಿದೆ.

"ಮಾಸ್ತರೇ, ಅದು ದುಃಖವಲ್ಲ, ಹೊಗೆ," ಎಂದರು ಫಾದರ್. "ನಾನು ಒಂದು ಹೊತ್ತು ಕೂತೆ. ಆ ತಾಯಿ ದಿನಾಲೂ ಕೂತಿರುತ್ತಾಳೆ."

ಮುಂದಿನ ಭಾನುವಾರ ಸಮಿತಿ ಕೂಡಿತು. ನಾನು ನಕ್ಷೆ ಬಿಡಿಸಿ ಹಿಡಿದೆ. ಫಾದರ್ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಚೆನ್ನಾಗಿದೆ. ಆದರೆ ನನಗೆ ಈ ಇಟ್ಟಿಗೆಗಳು ಬೇಕಾಗಿವೆ," ಎಂದರು. "ಬಾವಿಯಂಥ ಒಂದು ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಸೆಗಣಿ ಕಲಸಿ ಹಾಕಿದರೆ ಉರಿಯುವ ಗ್ಯಾಸು ಬರುತ್ತದೆ. ಕಟ್ಟಿಗೆ ಬೇಡ, ಹೊಗೆಯಿಲ್ಲ. ಉಳಿದ ರಾಡಿ ಹೊಲಕ್ಕೆ ಗೊಬ್ಬರ. ಹುಬ್ಬಳ್ಳಿಯ ಹತ್ತಿರ ಒಂದು ಕಡೆ ನೋಡಿ ಬಂದಿದ್ದೇನೆ."

ಕಾಕಾ ಮೆಲ್ಲಗೆ ಎದ್ದು ನಿಂತರು.

"ಫಾದರ್, ಈ ಇಟ್ಟಂಗಿ ನಾ ದೇವರ ಸಲವಾಗಿ ಸುಡಿಸೇನ್ರಿ. ಸಗಣಿ ಸಲವಾಗಿ ಅಲ್ಲ."

"ಮೋನಿಕವ್ವನ ಕಣ್ಣು ದೇವರ ಸಲುವಾಗಿ ಅಲ್ಲವೇ ಕಾಕಾ?"

"ಮೋನಿಕಾಗ ಬ್ಯಾರೆ ಏನರೆ ಮಾಡೂಣ್ರಿ. ನನ್ನ ಹೆಣ್ತಿಗೆ ಗಂಟಿ ಕೇಳಸಬೇಕು. ಆಕಿ ಇನ್ನ ಎಷ್ಟ ದಿನ ಇರ್ತಾಳೋ ಏನೋ." ಇಷ್ಟು ಹೇಳಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವರು ಹೊರಟೇಹೋದರು.

ಊರು ಎರಡಾಯಿತು. ಗೋಪುರದವರು ಮತ್ತು ಗೋಬರದವರು. ಎರಡರಲ್ಲೂ 'ಗೋ' ಇದೆಯಲ್ಲ, ವ್ಯಾಕರಣದ ದೃಷ್ಟಿಯಿಂದ ಸಂಧಾನ ಸಾಧ್ಯವೆಂದು ನಾನು ಹಾಸ್ಯ ಮಾಡಿ, ಎರಡೂ ಪಕ್ಷದವರಿಂದ ಬೈಸಿಕೊಂಡೆ. ಕೆಲವರು ಬಿಷಪ್ಪರಿಗೆ ದೂರು ಕೊಡುವ ಮಾತಾಡಿದರು. ಕಾಕಾ ಮಾತ್ರ ಯಾವ ಪಕ್ಷದ ಮಾತೂ ಆಡಲಿಲ್ಲ. ಚರ್ಚಿಗೆ ಬರುವುದನ್ನು ನಿಲ್ಲಿಸಿದರು. ಮುಂದಿನ ಸಾಲಿನ ಮೂಲೆಯಲ್ಲಿ ಅವರ ಜಾಗ ಖಾಲಿ ಉಳಿದದ್ದು ಎಲ್ಲ ವಾದವಿವಾದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಫಾದರ್ ಪ್ರವಚನ ಹೇಳುವಾಗ ಅವರ ಕಣ್ಣು ಆ ಮೂಲೆಗೇ ಹೋಗಿ ಬರುವುದನ್ನು ನಾನು ಗಮನಿಸಿದೆ.

ಒಂದು ದಿನ ಸಂಜೆ ಶಾಲೆ ಬಿಟ್ಟ ಮೇಲೆ ಫಾದರ್ ಸೈಕಲ್ಲು ತಳ್ಳಿಕೊಂಡು ನನ್ನ ಬಾಗಿಲಿಗೆ ಬಂದರು. "ಕಾಕಾನ ಮನೆಗೆ ಹೋಗೋಣ ಬನ್ನಿ. ಗೋಪುರದ ಬಗ್ಗೆ ನಾವು ಎಲ್ಲರನ್ನೂ ಕೇಳಿದ್ದೇವೆ, ಯಾರಿಗಾಗಿ ಕಟ್ಟುತ್ತಿದ್ದೇವೋ ಅವರೊಬ್ಬರನ್ನು ಬಿಟ್ಟು."

ಕಾಕಾ ನಮ್ಮನ್ನು ಕಂಡು ಕಂಬಳಿ ಹಾಸಿದರು, ನೀರು ಕೊಟ್ಟರು. ಫೆಲ್ಸವ್ವ ಕಿಟಕಿಯ ಬಳಿ ಹೊರಸಿನ ಮೇಲೆ ಒರಗಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದಳು. ಹಾಸಿಗೆ ಹಿಡಿದವಳೆಂದರೆ ಕ್ಷೀಣಸ್ವರದ ಕರುಣಾಮೂರ್ತಿಯೊಂದನ್ನು ನಾನು ಊಹಿಸಿಕೊಂಡಿದ್ದೆ. ಇವಳ ದನಿ ನಮ್ಮ ಗಂಟೆಗಿಂತ ಗಟ್ಟಿಯಾಗಿತ್ತು. ಫಾದರ್ ನೇರವಾಗಿ ಕೇಳಿದರು: "ಅವ್ವಾ, ಗೋಪುರ ಕಟ್ಟಿದರೆ ಗಂಟೆ ಇಲ್ಲಿಗೆ ಕೇಳಿಸುತ್ತದೆಯಂತೆ. ಕಟ್ಟೋಣವೇ?"

ಫೆಲ್ಸವ್ವ ಕೈಯ ಹುಣಸೆಯನ್ನು ಕೆಳಗಿಟ್ಟಳು.

"ಗಂಟಿ ಕೇಳಿ ನಾ ಏನ್ ಮಾಡ್ಲಿರಿ ಫಾದರ್? ಎಲ್ಲಾರೂ ಅಲ್ಲಿ ಕೂಡ್ಯಾರ, ನಾ ಒಬ್ಬಾಕಿ ಇಲ್ಲಿ ಬಿದ್ದೇನಿ ಅಂತ ವಾರಾ ವಾರಾ ನೆನಪ ಮಾಡಿಕೊಡತೈತಿ, ಅಷ್ಟ. ನನಗ ಗಂಟಿ ಬ್ಯಾಡ್ರಿ, ಮಂದಿ ಬೇಕು. ಯಾರರೆ ಬಂದು ಕುಂತು, ಇವತ್ತ ಏನ್ ಅಡಗಿ ಅಂತ ಕೇಳಿದ್ರ ಸಾಕು. ಇವರು ಛಲೋ ಮನಷ್ಯಾರು, ಆದ್ರ ಇವರ ಕೂಡ ಎಷ್ಟಂತ ಮಾತಾಡ್ಲಿರಿ? ಎಲ್ಲಾ ಮಾತೂ ರೈಲಿನದ."

ನಗಬೇಕೋ ಬೇಡವೋ ತಿಳಿಯದೆ ನಾನು ಸೂರಿನ ಜಂತೆಗಳನ್ನು ಪರೀಕ್ಷಿಸತೊಡಗಿದೆ. ಕಾಕಾ ಹೊರಗೆ ಕಟ್ಟೆಗೆ ಹೋಗಿ ಕೂತರು. ನಾವು ಹೊರಡುವಾಗಲೂ ಮುಖ ಎತ್ತಲಿಲ್ಲ. ಆದರೆ ದಾರಿಯವರೆಗೆ ಬಂದು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಮಾಸ್ತರ, ಇಷ್ಟ ವರ್ಷ ಆಕಿನ್ನ ನಾ ಒಮ್ಮೆ ಕೇಳೇ ಇರಲಿಲ್ಲ ನೋಡ್ರಿ." ಆಮೇಲೆ ಫಾದರ್ ಕಡೆ ತಿರುಗಿದರು. "ಇಟ್ಟಂಗಿ ತಗೋರಿ ಫಾದರ್. ಗೌಂಡ್ಯಾಗ ಹೇಳಿ ಗ್ವಾಡಿ ಗಿಲಾವ್ ಮಾತ್ರ ಗಟ್ಟಿ ಮಾಡಸ್ರಿ. ನನ್ನ ಇಟ್ಟಂಗಿ ಸೋರೂದಿಲ್ಲ, ಕೆಲಸ ಸೋರಬಾರದು."

ಹೀಗೆ ಆಕಾಶಕ್ಕೇರಬೇಕಾಗಿದ್ದ ಇಟ್ಟಿಗೆಗಳು ಪಾತಾಳಕ್ಕಿಳಿದವು. ಚರ್ಚಿನ ಕೊಟ್ಟಿಗೆಯ ನಾಲ್ಕೈದು ದನಗಳ ಸೆಗಣಿ ಏನೇನೂ ಸಾಲದಾದ್ದರಿಂದ ಫಾದರ್ ಎದುರುಮನೆಯ ಗೌಡರಲ್ಲಿಗೆ ಹೋದರು. ಶಿವಬಸಪ್ಪಗೌಡರು ನಿತ್ಯ ಲಿಂಗಪೂಜೆ ಮಾಡುವ ಆಚಾರವಂತರು. ತಮ್ಮ ಮಠದ ಸ್ವಾಮಿಗಳನ್ನು ಕರೆಯುವ ಹಾಗೆಯೇ ನಮ್ಮ ಫಾದರ್ ಅವರನ್ನೂ 'ಅಜ್ಜಾರ' ಎಂದು ಕರೆಯುತ್ತಿದ್ದರು. ವಿಷಯ ಕೇಳಿ ಅವರು ಮೀಸೆಯೊಳಗೇ ನಕ್ಕರು.

"ಅಲ್ರಿ ಅಜ್ಜಾರ, ನಮ್ಮ ಬಾಗಲಕ ಬಂದು ಕಾಳು ಕೇಳ್ಯಾರ, ಎತ್ತು ಕೇಳ್ಯಾರ, ವಶೀಲಿ ಕೇಳ್ಯಾರ. ಸಗಣಿ ಕೇಳಿದವರು ನೀವ ಮೊದಲ್ನೇದವರು ನೋಡ್ರಿ! ಒಯ್ರಿ. ಗ್ಯಾಸ್ ನಿಮಗ, ಗೊಬ್ಬರ ನಮಗ. ಹೊಲಕ್ಕ ಅದೂ ಬೇಕಲ್ರಿ."

"ಗೊಬ್ಬರ ನಿಮಗೊಬ್ಬರಿಗೇ ಅಲ್ಲ ಗೌಡರೇ, ಸೆಗಣಿ ಕೊಟ್ಟವರಿಗೆಲ್ಲ. ಕೊಡಲು ದನವೇ ಇಲ್ಲದವರ ಹಿತ್ತಲಿಗೂ ಒಂದೊಂದು ಪಾಲು."

ಗೌಡರು ಕ್ಷಣ ಯೋಚಿಸಿ, "ಹಂಗ ಆಗ್ಲಿ ಬಿಡ್ರಿ," ಎಂದರು. ಅಂದಿನಿಂದ ನಮ್ಮ ಚರ್ಚಿಗೆ ಪ್ರತಿ ಬೆಳಿಗ್ಗೆ ಗೌಡರ ಮನೆಯಿಂದ ಬುಟ್ಟಿ ಬುಟ್ಟಿ ಸೆಗಣಿ ಸಂದಾಯವಾಗತೊಡಗಿತು.

ಗುಂಡಿಯ ಮೇಲೆ ಬೋರಲು ಹಾಕುವ ದೊಡ್ಡ ಕಬ್ಬಿಣದ ಡ್ರಮ್ಮು ಹುಬ್ಬಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ದಿನ ಇನ್ನೊಂದು ವಿನೋದ ನಡೆಯಿತು. ಅದರ ಆಕಾರ ನೋಡಿ ಜನ "ಗಂಟಿ ಬಂತು, ಗಂಟಿ ಬಂತು!" ಎಂದು ಓಡಿಬಂದರು. ಇಷ್ಟು ಗಾತ್ರದ ಗಂಟೆ ಬಾರಿಸಿದರೆ ಧಾರವಾಡಕ್ಕೂ ಕೇಳಿಸೀತೆಂದು ಒಬ್ಬರು ಹೇಳಿದರು. ಒಂದು ಮುದುಕಿ ತಟ್ಟಿಯೂ ನೋಡಿದಳು. ಗ್ಯಾಸು ತುಂಬಿದಂತೆ ಮೇಲೇಳಬೇಕಾದ ಡ್ರಮ್ಮು ಮೊದಲ ಕೆಲವು ವಾರ ಏಳಲೇ ಇಲ್ಲ. ಎದ್ದ ಮೇಲೂ ಮೊದಲು ಬಂದ ಗಾಳಿ ಉರಿಯಲಿಲ್ಲ. 'ಸಗಣಿ ಪಾದ್ರಿ' ಎಂಬ ಬಿರುದು ಸಂತೆಯವರೆಗೂ ಹಬ್ಬಿತು. ಫಾದರ್ ನಗುತ್ತಲೇ ಪ್ಯಾಂಟು ಮಡಚಿ, ಕೈಯಾರೆ ಸೆಗಣಿ ಕಲಸುತ್ತಿದ್ದರು. ಸೋಪಿನಿಂದ ಎಷ್ಟು ತೊಳೆದರೂ ಪೂಜೆಯ ಪೀಠದ ಬಳಿ ಅವರು ಕೈಯೆತ್ತಿದಾಗ ಮುಂದಿನ ಸಾಲಿನವರಿಗೆ ಕೊಟ್ಟಿಗೆಯ ಸುವಾಸನೆ ಬರುತ್ತಿತ್ತು. ನಮ್ಮ ದೇವರು ಹುಟ್ಟಿದ್ದೇ ಕೊಟ್ಟಿಗೆಯಲ್ಲಿ ಎಂಬುದು ನೆನಪಾಗಿ ನಾನು ಮೂಗು ಮುಚ್ಚಿಕೊಳ್ಳುವುದನ್ನು ಬಿಟ್ಟೆ.

ಕಡೆಗೊಂದು ಬೆಳಿಗ್ಗೆ ಒಲೆಯ ತೂತುಗಳಲ್ಲಿ ನೀಲಿ ಉರಿ 'ಭುಸ್' ಎಂದು ಎದ್ದಿತು. ಮೋನಿಕವ್ವ ಬಾಗಿಲಾಚೆ ಜಿಗಿದು ನಿಂತು, "ಯವ್ವಾ, ಇದಕ್ಕ ಹೊಗಿ ಇಲ್ಲ, ಕೆಂಡಿಲ್ಲ! ನಾ ಹ್ಯಾಂಗ ನಂಬ್ಲಿ?" ಎಂದಳು. ಫಾದರ್ ತಾವೇ ಗಂಜಿ ಬೇಯಿಸಿ, ಅರ್ಧ ಸೀಯಿಸಿ, ಅವಳಿಗೊಂದು ಬಟ್ಟಲು ಕೊಟ್ಟರು. ಒಂದು ಗುಟುಕು ಕುಡಿದು ಅವಳು ಅವರ ಕೈಯಿಂದ ಸೌಟು ಕಸಿದುಕೊಂಡಳು. "ಉರಿ ಛಲೋ ಐತ್ರಿ. ನಿಮಗ ಅಡಗಿ ಬರೂದಿಲ್ಲ. ಸರೀರಿ ಆ ಕಡೆ." ವಾರದೊಳಗೆ ಅವಳ ಕೆಮ್ಮು ಕಡಿಮೆಯಾಯಿತು, ತಿಂಗಳೊಳಗೆ ಹಾಡತೊಡಗಿದಳು. ಹೊಗೆ ಹೋದ ಮೇಲೆ ಮೋನಿಕವ್ವನಿಗೆ ಕಂಠವಿದೆಯೆಂದು ಊರಿಗೆ ತಿಳಿಯಿತು, ಶ್ರುತಿಯಿಲ್ಲವೆಂದೂ ತಿಳಿಯಿತು. ಆದರೂ ಫಾದರ್ ಅವಳನ್ನು ಗಾನವೃಂದಕ್ಕೆ ಸೇರಿಸಿಕೊಂಡರು.

ಇದರ ನಡುವೆ ಇನ್ನೊಂದು ಪದ್ಧತಿ ಸದ್ದಿಲ್ಲದೆ ಬೆಳೆದಿತ್ತು. ಪ್ರತಿ ಬುಧವಾರ ಸಂಜೆ ನಾಲ್ಕಾರು ಮನೆಯವರು ಜಪಮಾಲೆ ಹಿಡಿದು ಫೆಲ್ಸವ್ವನ ಮನೆಗೆ ಹೋಗುವುದು; ಪ್ರಾರ್ಥನೆ ಮುಗಿದ ಮೇಲೆ ಏನು ಅಡುಗೆಯೆಂದು ಕೇಳುವುದು. ಕ್ರಮೇಣ ಊರಲ್ಲಿ ಯಾರೇ ಹಾಸಿಗೆ ಹಿಡಿದರೂ, ಅವರು ಚರ್ಚಿನವರಾಗಿರಲಿ ಬಿಡಲಿ, ಈ ಮಂದಿ ಹೋಗಿ ಕೂರತೊಡಗಿದರು. ಗೌಡರ ತಾಯಿಗೆ ಜ್ವರ ಬಂದಾಗ ಹೋದ ನಮ್ಮಿಂದ ಆಕೆ ವಚನ ಹಾಡಿಸಿಕೊಂಡು ಕೇಳಿದರು. ನಾವು ಶ್ರುತಿಗೆ ಹೆದರಿ ಮೋನಿಕವ್ವನನ್ನು ಅಂದು ಬಿಟ್ಟುಹೋಗಿದ್ದೆವು.

ಆ ವರ್ಷದ ಚರ್ಚಿನ ಹಬ್ಬ ಬಂತು. ಬಣ್ಣದ ಕಾಗದದ ಮಾಲೆ, ಬಾಡಿಗೆಯ ಧ್ವನಿವರ್ಧಕ, ಬಾಡೂಟ, ಇವು ನಮ್ಮ ಹಬ್ಬದ ತ್ರಿಮೂರ್ತಿಗಳು. ಫಾದರ್ ಮೂರನ್ನೂ ಕೈಬಿಡೋಣವೆಂದಾಗ ನಾನೇ ಮೂರನೆಯದರ ಪರವಾಗಿ ದೀರ್ಘ ವಾದ ಮಂಡಿಸಿದೆ. ಗೌಡರ ಮನೆಯವರೂ ನಮ್ಮ ಪಂಕ್ತಿಯಲ್ಲಿ ಕೂರಬೇಕೆಂದು ಫಾದರ್ ಹೇಳಿದ ಒಂದೇ ಮಾತಿಗೆ ವಾದ ಬಿದ್ದುಹೋಯಿತು. ಗೋಧಿ ಹುಗ್ಗಿ, ಅನ್ನ, ಸಾರು ಚರ್ಚಿನ ಒಲೆಯಿಂದ. ರೊಟ್ಟಿ ಪಲ್ಯ ಅವರವರ ಮನೆಯಿಂದ. ಪೂಜೆ ಮಾತ್ರ ಚರ್ಚಿನಲ್ಲಲ್ಲ, ಕಾಕಾನ ಹೊಲದ ಕಣದಲ್ಲಿ, ಫೆಲ್ಸವ್ವನ ಬಾಗಿಲ ಮುಂದೆ.

ಬೆಳಿಗ್ಗೆ ಚಕ್ಕಡಿಗಳು ಹೊರಟವು. ಮೊದಲ ಚಕ್ಕಡಿಯಲ್ಲಿ ಮೋನಿಕವ್ವ, ಹುಗ್ಗಿಯ ಹಂಡೆ. ಎರಡನೆಯದು ಗೌಡರದು. ಹಿಂದಿನ ಚಕ್ಕಡಿ ಕಾಕಾರದು. ಅದರಲ್ಲಿ ಗೋಣಿಚೀಲ ಮುಚ್ಚಿದ ಏನೋ ಭಾರದ ವಸ್ತು. ಕೇಳಿದರೆ ಅವರು ಹೇಳಲಿಲ್ಲ. ಕಣ ತಲುಪಿದೊಡನೆ, ಇಬ್ಬರು ಗಟ್ಟಿಗರ ನೆರವಿನಿಂದ ಅದನ್ನಿಳಿಸಿ, ಬೇವಿನ ಮರದ ಟೊಂಗೆಗೆ ಹಗ್ಗದಲ್ಲಿ ಕಟ್ಟಿ, ಗೋಣಿಚೀಲ ಎಳೆದರು. ಚರ್ಚಿನ ಗಂಟೆ! ಕಲ್ಲುಕಂಬದಿಂದ ನಸುಕಿನಲ್ಲೇ ಬಿಚ್ಚಿಕೊಂಡು ಬಂದಿದ್ದರು. ಗೌಡರು ಹಗ್ಗದ ಗಂಟು ಮುಟ್ಟಿ ನೋಡಿ, ಇನ್ನೊಂದು ಸುತ್ತು ಬಿಗಿದು ಹಿಂದೆ ಸರಿದರು.

ಫೆಲ್ಸವ್ವನನ್ನು ಹೊರಸಿನ ಸಮೇತ ಹೊರಗೆ ತಂದು ಬೇವಿನ ನೆರಳಿನಲ್ಲಿಟ್ಟಿದ್ದೆವು. ಕಾಕಾ ಅವಳ ಕಡೆ ನೋಡದೆಯೇ ಹಗ್ಗ ಹಿಡಿದು ಬಾರಿಸಿದರು. ಇಷ್ಟು ವರ್ಷ ಗೌಡರ ದನದ ಹಕ್ಕಿ ದಾಟಲಾರದೆ ಸುಸ್ತಾಗುತ್ತಿದ್ದ ಆ ದನಿ ಬಯಲಿನಲ್ಲಿ ಹರಡಿ, ಜೋಳದ ಹೊಲಗಳ ಮೇಲೆ ಹಾದು ಹೋಯಿತು. ಗಿಳಿಗಳು ಹಿಂಡುಹಿಂಡಾಗಿ ಎದ್ದವು. ಫೆಲ್ಸವ್ವ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಅಯ್ಯ, ನಿಂದರಸ್ರಿ ಸಾಕು! ಕಿವಿ ಗಂವ್ ಅನ್ನಾಕತ್ತಾವು!" ಎಂದು ನಗುತ್ತ ಕೂಗಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಲ್ಲಿ ಹೊಗೆಯೇನೂ ಇರಲಿಲ್ಲ.

ಕಾಕಾ ಹಗ್ಗ ಬಿಟ್ಟರು. ಫಾದರ್ ಪೂಜೆ ಆರಂಭಿಸಲು ಕೈ ಜೋಡಿಸಿದರು.

ಫೆಲ್ಸವ್ವ ಕಿವಿಯಿಂದ ಕೈ ತೆಗೆದು ಗಂಡನನ್ನು ನೋಡಿದಳು.

"ಇಷ್ಟಕ್ಕ ದಣದ್ರೇನು?" ಎಂದಳು. "ಇನ್ನೊಮ್ಮೆ ಬಾರಸ್ರಿ."