ಹತ್ತಿಯ ತೂಕ ಕಳೆದು

ನಮ್ಮ ಮಗಳನ್ನು ದವಾಖಾನೆಯಿಂದ ಮನೆಗೆ ತಂದ ದಿನ ಅವಳ ತೂಕ ಒಂದು ಕಿಲೋ ಎಂಟುನೂರು ಗ್ರಾಂ ಇತ್ತು. ಸರಿಯಾಗಿ ಹೇಳಬೇಕೆಂದರೆ, ಮೈಮೇಲೆ ಏನೂ ಇಲ್ಲದೆ ಅಷ್ಟಿತ್ತು. ಈ ಎರಡನೆಯ ಮಾತು ಎಷ್ಟು ಮುಖ್ಯವೆಂದು ಆಗ ನನಗೆ ಗೊತ್ತಿರಲಿಲ್ಲ. ತೂಕದ ಹತ್ತಿರವೇ ನಿಂತು ಹೊಟ್ಟೆ ಹೊರೆಯುವವನಾಗಿದ್ದೂ ಗೊತ್ತಿರಲಿಲ್ಲ.

ನಾನು ಅಣ್ಣಿಗೇರಿಯ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನ ಬಾಗಿಲಲ್ಲಿ ನಿಂತು ಹತ್ತಿ ನೋಡುವವನು. ಚಕ್ಕಡಿಗಳು ಬಂದಂತೆ ಅಂಡಿಗೆಯ, ಎಂದರೆ ಹತ್ತಿ ತುಂಬಿದ ದೊಡ್ಡ ಚೀಲದ, ಒಳಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ಹತ್ತಿ ತೆಗೆದು, ಮುಷ್ಟಿಯಲ್ಲಿ ಹಿಚುಕಿ ಬಿಡುವುದು ನನ್ನ ಕೆಲಸ. ಒಣ ಹತ್ತಿ ಕೈ ಬಿಟ್ಟ ಕೂಡಲೇ ಅರಳುತ್ತದೆ. ತೂಕ ಹೆಚ್ಚಲೆಂದು ರಾತ್ರಿ ನೀರು ಚಿಮುಕಿಸಿ ತಂದ ಹತ್ತಿ ಮುದ್ದೆಯಾಗಿಯೇ ಕೂಡುತ್ತದೆ. ಆಮೇಲೆ ರೈತನ ಮುಖ ನೋಡುವ ಅಗತ್ಯವೂ ಇರುವುದಿಲ್ಲ. ಹಂಗಾಮು ಮುಗಿದ ಮೇಲೆ ಜಿನ್ನಿಗೆ ಬೀಗ, ನನಗೆ ಮುಂದಿನ ಹಂಗಾಮಿನವರೆಗೆ ರಜೆ.

ನನ್ನ ಹೆಂಡತಿ ಅಲ್ಲಿಂದ ಮೂರು ಮೈಲಿ ಒಳಗಿನ ಹಳ್ಳಿಯಲ್ಲಿ ಶಿಕ್ಷಕಿ, ನಮ್ಮ ಮನೆಯೂ ಅಲ್ಲಿಯೇ. ಊರೆಲ್ಲ ಅವಳನ್ನು ಅಕ್ಕೋರು ಎನ್ನುತ್ತಿತ್ತು, ನನ್ನನ್ನು ಅಕ್ಕೋರ ಮನೆಯವರು ಎನ್ನುತ್ತಿತ್ತು. ಅವಳದು ತಾತ್ಪೂರ್ತಿಕ ನೇಮಕ. ಶಾಲೆ ತೆರೆದ ದಿನ ಹಾಜರಿಲ್ಲದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು. ಬೇಸಿಗೆ ರಜೆಯಲ್ಲಿ, ದಿನ ತುಂಬುವುದಕ್ಕೆ ಎರಡು ತಿಂಗಳು ಇರುವಾಗಲೇ ಕೂಸು ಹುಟ್ಟಿತು. ಹೆಂಡತಿಯ ತಾಯಿ ಬದುಕಿರಲಿಲ್ಲ, ನನ್ನ ತಾಯಿಯೂ ಇರಲಿಲ್ಲ. ಹೀಗಾಗಿ ಮನೆಯಲ್ಲಿ ಯಾರಿರಬೇಕು ಎಂಬ ಮಾತೇ ಬರಲಿಲ್ಲ. ಜೂನ್ ತಿಂಗಳ ಒಂದು ಸೋಮವಾರ ಅವಳು ಛತ್ರಿ ಹಿಡಿದು ಶಾಲೆಗೆ ಹೋದಳು, ನಾನು ಕೂಸನ್ನು ಹಿಡಿದು ಅಡುಗೆಮನೆಯಲ್ಲಿ ಕುಳಿತೆ.

ಹುಬ್ಬಳ್ಳಿಯ ಡಾಕ್ಟರಬಾಯಿ ಎರಡು ಮಾತು ಹೇಳಿ ಕಳಿಸಿದ್ದರು. ಕೂಸಿನ ಮೈ ತಣ್ಣಗಾಗಬಾರದು. ವಾರಕ್ಕೆ ನೂರು ಗ್ರಾಮಾದರೂ ಏರಬೇಕು. ಏರದಿದ್ದರೆ ತಡಮಾಡದೆ ತರಬೇಕು. ಯಾಕೆ ಎಂದು ನಾವು ಕೇಳಲಿಲ್ಲ. ದವಾಖಾನೆಯಲ್ಲಿ ನಮ್ಮ ಕೂಸಿನ ಪಕ್ಕದ ತೊಟ್ಟಿಲಲ್ಲಿ ಇಂಥದೇ ಇನ್ನೊಂದು ಕೂಸು ಇತ್ತು. ಅದರ ತೂಕ ನಾಲ್ಕು ದಿನ ನಿಂತಲ್ಲೇ ನಿಂತಿತ್ತು. ಐದನೆಯ ದಿನ ತೊಟ್ಟಿಲಿಗೆ ಬೇರೆ ಬಟ್ಟೆ ಹಾಸಿದ್ದರು.

ಕೂಸಿನ ಕೆಲಸ ನನಗೆ ಕಲಿಸಿದವಳು ಬಾಜೂ ಮನೆಯ ಆಯಿ. ಎಂಬತ್ತರ ಹತ್ತಿರದ ಮುದುಕಿ, ಹನ್ನೊಂದು ಮಕ್ಕಳನ್ನು ಹೆತ್ತು ಏಳನ್ನು ಉಳಿಸಿಕೊಂಡವಳು. ಮೊದಲ ದಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು.

"ತಮ್ಮಾ, ಅದು ಕೂಸು. ಅಂಡಿಗಿ ಅಲ್ಲ. ಹಂಗ ಬಗಲಾಗ ಒತ್ತಿ ಹಿಡೀಬ್ಯಾಡ."

"ಜಾರಿ ಬಿದ್ದೀತಂತ ಹೆದರಿಕಿ, ಆಯಿ."

"ಅದಕ್ಕೂ ನಿನ್ನ ಕಂಡರ ಹೆದರಿಕಿನ ಐತಿ. ಕೊಡಿಲ್ಲಿ."

ಹೆಂಡತಿ ಬೆಳಿಗ್ಗೆ ಹಾಲು ಹಿಂಡಿ ಬಟ್ಟಲಲ್ಲಿ ಮುಚ್ಚಿಟ್ಟು ಹೋಗುತ್ತಿದ್ದಳು. ಮೂತಿ ಚೂಪಾದ ಪುಟ್ಟ ಒಳಲೆಯಿಂದ ನಾನು ಅದನ್ನು ಹನಿ ಹನಿಯಾಗಿ ಕುಡಿಸಬೇಕು. ಎರಡು ಚಮಚೆ ಹಾಲಿಗೆ ಅರ್ಧ ತಾಸು. ಕೂಸು ಮೂರು ಗುಟುಕು ಕುಡಿದು ನಿದ್ದೆ ಹೋಗುತ್ತಿತ್ತು, ಅಂಗಾಲಿಗೆ ಚಿವುಟಿದರೆ ಒಂದು ಕಣ್ಣು ತೆರೆದು ನನ್ನನ್ನು ನೋಡುತ್ತಿತ್ತು. ಅದರ ಮುಖದಲ್ಲಿ ಮುಪ್ಪಿನ ಬೇಸರವಿರುತ್ತಿತ್ತು.

ನೋಡಲು ಬಂದ ಹೆಂಗಸರು ಮೊದಲು ಕೇಳುತ್ತಿದ್ದದ್ದು ಒಂದೇ. "ಏಳರಾಗ ಹುಟ್ಟೇತೋ ಎಂಟರಾಗೋ?" ಏಳರದು ಬದುಕುತ್ತದೆ, ಎಂಟರದು ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. "ಏಳರಾಗರಿ" ಎಂದು ನಾನು ಕೇಳುವ ಮೊದಲೇ ಹೇಳಲು ಕಲಿತೆ. ಒಬ್ಬಾಕೆ ಬೆರಳು ಮಡಚಿ ಎಣಿಸಿ, "ಏಳು ತುಂಬಿ ಎಂಟರಾಗ ಬಿದ್ದಿತ್ತಲ್ಲ?" ಎಂದಳು. ಆಯಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. "ಎಣಿಕಿ ನಿನಗ ಯಾವಾಗ ಬರಾಕ ಹತ್ತಿತಬೇ? ಸಂತ್ಯಾಗ ಚಿಲ್ಲರಿ ಎಣಸಾಕ ನನ್ನ ಕರೀತಿದ್ದಿ." ಆ ಹೆಂಗಸು ಚಹಾ ಕುಡಿಯದೆ ಎದ್ದು ಹೋದಳು.

ಬೆಚ್ಚಗಿಡುವ ವಿಷಯದಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜಿನ್ನಿನಿಂದ ತಂದಿಟ್ಟುಕೊಂಡಿದ್ದ ಒಳ್ಳೆಯ ಅರಳೆಯನ್ನು ಬೆರಳಿಂದ ಎಳೆ ಎಳೆಯಾಗಿ ಬಿಡಿಸಿ, ಹಳೆಯ ಸೀರೆಯ ಎರಡು ಪದರಗಳ ನಡುವೆ ತುಂಬಿ, ಚೀಲದಂತೆ ಹೊಲಿದೆ. ಮುಖ ಒಂದು ಬಿಟ್ಟು ಕೂಸೆಲ್ಲ ಅದರೊಳಗೆ. ಹತ್ತಿರದಲ್ಲಿ ಅಗ್ಗಿಷ್ಟಿಗೆಯ ಕೆಂಡ. ಮುಟ್ಟಿದಾಗಲೆಲ್ಲ ಚೀಲ ಬೆಚ್ಚಗಿರುತ್ತಿತ್ತು.

ತೂಕ ಮಾಡಲು ಊರಿನಲ್ಲಿ ಇದ್ದದ್ದು ಕಿರಾಣಿ ಅಂಗಡಿಯ ಕಾಕಾನ ತಕ್ಕಡಿ. ಕೂಸನ್ನು ಬಿಚ್ಚಿ ತೂಗುತ್ತೇನೆಂದಾಗ ಆಯಿ ಅಡ್ಡ ನಿಂತಳು. ಬರೀ ಮೈಯ ಕೂಸನ್ನು ತಕ್ಕಡಿಗೆ ಇಡಬಾರದು, ನೋಡಿದವರ ಕಣ್ಣು ಮೈಗೇ ತಾಕುತ್ತದೆ. ಬೇಕಾದರೆ ಹೊದಿಕೆ ಸಮೇತ ತೂಗು.

ಅದು ನನಗೂ ಸರಿ ಅನಿಸಿತು. ಜಿನ್ನಿನಲ್ಲಿಯೂ ನಾವು ಹಾಗೇ ಮಾಡುತ್ತಿದ್ದೆವು. ಹತ್ತಿ ತುಂಬಿದ ಅಂಡಿಗೆ ತೂಗಿ, ಬರಿದಾದ ಅಂಡಿಗೆಯ ತೂಕ ಕಳೆಯುವುದು. ಚೀಲವನ್ನು ಮೊದಲೇ ತೂಗಿದೆ, ಎಂಟುನೂರು ಗ್ರಾಂ. ಮೊದಲ ವಾರ ಕೂಸು ಮತ್ತು ಚೀಲ ಸೇರಿ ಎರಡು ಕಿಲೋ ಏಳುನೂರು ತೂಗಿತು. ಎಂಟುನೂರು ಕಳೆದರೆ ನೂರು ಗ್ರಾಂ ಏರಿಕೆ. ಎರಡನೆಯ ವಾರ ಮತ್ತೆ ನೂರು. ಮೂರನೆಯ ವಾರವೂ ನೂರು.

"ಅಕ್ಕೋರ ಮನಿಯವರ, ವಾರಕ್ಕ ನೂರರಂಗ ಏರಿದ್ರ ಮುಂದಿನ ಹಂಗಾಮಿಗೆ ಅಂಡಿಗಿ ಹೊರಾಕ ಕೂಸಿನ್ನ ಕರಕೊಂಡ ಹೋಗಬಹುದು ನೋಡ್ರಿ" ಎಂದ ಕಾಕಾ. ನಾನು ಅಂಗಡಿಯಲ್ಲಿದ್ದವರಿಗೆಲ್ಲ ಒಂದೊಂದು ಬೆಲ್ಲದ ಚೂರು ಕೊಡಿಸಿದೆ. ಶಾಲೆಯ ಕಿಟಕಿಯ ಹತ್ತಿರ ಹೋಗಿ ಹೆಂಡತಿಗೆ ಒಂದು ಬೆರಳು ಎತ್ತಿ ತೋರಿಸಿದೆ. ನೂರು ಎಂದು ಅರ್ಥ. ಅವಳು ಹಲಗೆಯ ಕಡೆ ತಿರುಗಿ ಮಗ್ಗಿ ಬರೆಯುವುದನ್ನು ಮುಂದುವರಿಸಿದಳು. ಅವಳ ಹೆಗಲು ಸಡಿಲಾದದ್ದು ನನಗೆ ಕಂಡಿತು.

ಆ ಮೂರು ವಾರವೂ ಮಳೆ ಹಿಡಿದಿತ್ತು. ನಮ್ಮ ಎರಿನೆಲದ ಜಿಟಿಜಿಟಿ ಮಳೆ. ಅಬ್ಬರವಿಲ್ಲ, ಬಿಡುವೂ ಇಲ್ಲ. ಗೋಡೆ ಒದ್ದೆ, ಉಪ್ಪು ಒದ್ದೆ, ಕಡ್ಡಿಪೆಟ್ಟಿಗೆ ಒದ್ದೆ. ಮೂರನೆಯ ತೂಕ ಮಾಡಿದ ಮೂರು ದಿನಕ್ಕೆ, ಗುರುವಾರ, ಸ್ವಲ್ಪ ಬಿಸಿಲು ಬಿದ್ದಿತು. ಕೂಸನ್ನು ಆಯಿಯ ಮಡಿಲಿಗೆ ಕೊಟ್ಟು, ಚೀಲ ಬಿಸಿಲಿಗೆ ಹಾಕೋಣವೆಂದು ಒಯ್ದೆ. ಕಟ್ಟೆಯ ಮೇಲೆ ಹರಡುವಾಗ ಹೊಲಿಗೆ ಬಿಚ್ಚಿ ಸ್ವಲ್ಪ ಅರಳೆ ಹೊರಗೆ ಬಂದಿತ್ತು. ರೂಢಿಯ ಕೈ. ಅದನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟೆ.

ಅದು ಅರಳಲಿಲ್ಲ.

ಇನ್ನೊಂದು ಕಡೆಯಿಂದ ತೆಗೆದು ಹಿಚುಕಿದೆ. ಅದೂ ಮುದ್ದೆಯಾಗಿ ಅಂಗೈಯಲ್ಲಿ ಕುಳಿತಿತು. ಮಳೆಗಾಳಿಯ ತೇವ, ಚೆಲ್ಲಿದ ಹಾಲು, ಕೂಸಿನ ಉಚ್ಚೆ, ಎಲ್ಲವನ್ನೂ ಚೀಲ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತ ಬಂದಿತ್ತು. ಕೆಂಡದ ಕಾವಿಗೆ ಮೇಲೆ ಬೆಚ್ಚಗೆ ಇದ್ದದ್ದರಿಂದ ಒಳಗಿನ ಒದ್ದೆ ನನ್ನ ಕೈಗೆ ತಿಳಿದಿರಲಿಲ್ಲ. ಚೀಲವನ್ನು ಅಂಗಡಿಗೆ ಒಯ್ದು ತೂಗಿಸಿದೆ. ಒಂದು ಕಿಲೋ ಐವತ್ತು ಗ್ರಾಂ. ಅಂದರೆ ನಾನು ಕಳೆಯಬೇಕಾದದ್ದು ಎಂಟುನೂರಲ್ಲ.

ಮನೆಗೆ ಓಡಿ ಬಂದು ಕೂಸನ್ನು ಎತ್ತಿಕೊಂಡೆ. ಆಯಿಗೆ ವಿಷಯ ಹೇಳಿದೆ. ಬಿಚ್ಚಿ ತೂಗಲೇಬೇಕೆಂದೆ. ಆಯಿ ಈ ಸಲ ಅಡ್ಡ ನಿಲ್ಲಲಿಲ್ಲ. ಕೋಲು ತೆಗೆದುಕೊಂಡು ನನ್ನ ಹಿಂದೆ ಹೊರಟಳು. ಅಂಗಡಿಯಲ್ಲಿ ಇದ್ದ ನಾಲ್ವರನ್ನು, "ಅತ್ತಾಗ ಹೊಳ್ಳ್ರಿ, ನೋಡೂವಂಥಾದ್ದು ಇಲ್ಲೇನಿಲ್ಲ" ಎಂದು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದಳು. ನಾಲ್ವರೂ ಗೋಡೆ ನೋಡುತ್ತ ನಿಂತರು. ಕಾಕಾನೂ ತಿರುಗಲು ಹೋದ.

"ನೀ ಎಲ್ಲಿ ಹೊಳ್ಳತಿ? ಕಲ್ಲ ಯಾರ ಇಡಬೇಕು?"

ಒಂದು ಕಿಲೋ ಎಂಟುನೂರೈವತ್ತು. ಮೂರು ವಾರದಲ್ಲಿ ಐವತ್ತು ಗ್ರಾಂ. ಉಳಿದದ್ದೆಲ್ಲ ಹತ್ತಿ ಕುಡಿದ ನೀರು.

ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹಿಂಬದಿಯ ಬೇವಿನ ಮರದ ಕೆಳಗೆ ಹೆಂಡತಿಗೆ ಹೇಳಿದೆ. ನನ್ನ ಮಾತನ್ನು ನಂಬಿ ಅವಳು ಮೂರು ವಾರ ನಿಶ್ಚಿಂತೆಯಿಂದ ಪಾಠ ಮಾಡಿದ್ದಳು. ಸೀಮೆಸುಣ್ಣ ಅವಳ ಕೈಯಲ್ಲಿಯೇ ಇತ್ತು. ಅದನ್ನು ಎರಡು ತುಂಡು ಮಾಡಿದಳು, ಮತ್ತೆ ನಾಲ್ಕು ಮಾಡಿದಳು.

"ಮೂರ ವಾರ ನೀವು ಹತ್ತಿನ ತೂಗಿಸ್ಕೊಂಡ ಬಂದೀರಿ" ಎಂದಳು.

"ಹೌದು."

"ಊರ ಮಂದಿ ಹತ್ತ್ಯಾಗಿನ ನೀರ ಹಿಡಿಯಾವ್ರು ನೀವು."

ಅವಳು ಕೂಸನ್ನು ಸೆರಗಿನೊಳಗೆ ತೆಗೆದುಕೊಂಡಳು. "ಈಗ ಹೊಂಟರ ಗಾಡಿ ಸಿಗತೈತಿ. ನಡೀರಿ ಹೋಗೂಣು."

ಹುಬ್ಬಳ್ಳಿಯಲ್ಲಿ ಡಾಕ್ಟರಬಾಯಿ ಕೂಸಿನ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ನಾನು ತಂದಿದ್ದ ಚೀಲವನ್ನೂ ಮುಟ್ಟಿ ನೋಡಿದರು. ಬೈಯಲಿಲ್ಲ. "ಕೂಸು ಕುಡದದ್ದೆಲ್ಲ ಈ ಹಸಿ ಚೀಲದಾಗ ಮೈ ಕಾವು ಉಳಿಸ್ಕೊಳ್ಳಾಕ ಹೋಗೈತ್ರಿ. ಬೆಳೀಲಿಕ್ಕೆ ಏನ ಉಳೀಬೇಕು?" ಎಂದರು. ಒಣ ಬಟ್ಟೆ, ಎರಡು ತಾಸಿಗೊಮ್ಮೆ ತಾಯಿಯ ಹಾಲು. ಹದಿನೈದು ದಿನದಲ್ಲಿ ಎರಡು ಕಿಲೋ ಮುಟ್ಟದಿದ್ದರೆ ಕೂಸು ಅಲ್ಲಿಯೇ ಇರಬೇಕು. ಅಂದು ಬೇರೆ ಬಟ್ಟೆ ಹಾಸಿದ್ದ ಆ ತೊಟ್ಟಿಲು ಬಾಗಿಲಿಂದ ಕಾಣುತ್ತಿತ್ತು. ನಾವಿಬ್ಬರೂ ಆ ಕಡೆ ನೋಡಲಿಲ್ಲ.

ಮಳೆಗಾಲದಲ್ಲಿ ಒಣ ಬಟ್ಟೆ ಎಲ್ಲಿಂದ ತರುವುದು ಎಂಬುದಕ್ಕೆ ದಾರಿ ಹೇಳಿದವಳು ಆಯಿ. "ನಿನ್ನ ಹೊಟ್ಟಿಮ್ಯಾಲ ಹಾಕ್ಕೋ. ಮನಶ್ಯಾನ ಮೈ ತೊಯ್ದರೂ ಬೆಚ್ಚಗನ ಇರತೈತಿ." ನನಗೆ ನಾಚಿಕೆಯಾಯಿತು. ಆದರೆ ಅಂದೇ ಬನಿಯನ್ ತೆಗೆದು, ಕೂಸನ್ನು ಎದೆಗೆ ಒರಗಿಸಿ, ಹೆಂಡತಿಯದೊಂದು ಹಳೆಯ ಸೀರೆಯಿಂದ ಸುತ್ತಿ ಕಟ್ಟಿಕೊಂಡೆ. ಮೇಲೆ ದೊಡ್ಡ ಅಂಗಿ. ಹಾಗೆಯೇ ರೊಟ್ಟಿ ಬಡಿದೆ, ಹಾಗೆಯೇ ನೀರು ತಂದೆ. ಎರಡು ತಾಸಿಗೊಮ್ಮೆ ಕೆಸರಿನಲ್ಲಿ ಕಾಲೂರುತ್ತ ಶಾಲೆಗೆ ಹೋಗಿ ಹಾಲು ಕುಡಿಸಿಕೊಂಡು ಬಂದೆ.

ದಾರಿಯಲ್ಲಿ ಗುಡಿಕಟ್ಟೆಯ ಮೇಲೆ ಕೂಡುವ ಮಂದಿಗೆ ಮಳೆಗಾಲದಲ್ಲಿ ಬೇರೆ ಕೆಲಸವಿರಲಿಲ್ಲ.

"ಅಕ್ಕೋರ ಮನಿಯವರ, ಎಷ್ಟನೇ ತಿಂಗಳ ನಡದೈತ್ರಿ?"

"ಎಂಟು ಮುಗೀತರಿ" ಎಂದೆ ನಾನು. "ಅಕ್ಕೋರು ಏಳಕ್ಕ ಬಿಟ್ಟದ್ದನ್ನ ಒಂಬತ್ತಕ್ಕ ಮುಟ್ಟಸಾಕತ್ತೀನಿ."

"ಹುಳಿ ಏನರ ತಿನಬೇಕ ಅನಸಿದ್ರ ಹೇಳ್ರಿ, ಹುಣಸಿ ಗಿಡ ನಮ್ಮ ಹಿತ್ತಲದಾಗ ಐತಿ" ಎಂದ ಅವರಲ್ಲೊಬ್ಬ. ಮರುದಿನ ಹೇಳಿದಂತೆ ಒಂದು ಪೊಟ್ಟಣ ಹುಣಸೆಹಣ್ಣು ಕಳಿಸಿಯೂ ಬಿಟ್ಟ. ಅದರ ಸಾರು ಚೆನ್ನಾಗಿ ಆಯಿತು.

ಹೆಡ್ಮಾಸ್ತರರಿಗೆ ಮಾತ್ರ ಚಿಂತೆ. ದಿನಕ್ಕೆ ಮೂರು ಸಲ ಗಂಡಸೊಬ್ಬ ಅಂಗಿಯೊಳಗೆ ಕೂಸು ಇಟ್ಟುಕೊಂಡು ಶಾಲೆಗೆ ಬರುವುದು ಅವರ ಯಾವ ನಿಯಮದಲ್ಲಿಯೂ ಇರಲಿಲ್ಲ. "ತಪಾಸಣಿಗೆ ಸಾಹೇಬರು ಬಂದ್ರ ನಾ ಏನ ಹೇಳ್ಲಿ, ಅಕ್ಕೋರ?"

"ಒಂದನೇತ್ತೆ ಹಾಜರಿ ಪಟದಾಗ ಒಂದ ಹೆಸರ ಜಾಸ್ತಿ ಆಗೈತಿ ಅಂತ ಹೇಳ್ರಿ ಸರ್" ಎಂದಳು ಅವಳು. ಅವರು ತಮ್ಮ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು ವರಾಂಡದಲ್ಲಿ ನಿಂತರು. ಆಮೇಲೆ ಪ್ರತಿ ಸಲವೂ ಹಾಗೆಯೇ ನಿಂತರು.

ಎದೆಯ ಮೇಲೆ ಇದ್ದ ಆ ದಿನಗಳಲ್ಲಿ ನನಗೆ ತಿಳಿದ ಒಂದು ಸಂಗತಿ ಹೇಳಬೇಕು. ಕೂಸು ಆಗಾಗ ಉಸಿರು ಮರೆಯುತ್ತಿತ್ತು. ನಾಲ್ಕು ಎಣಿಸುವಷ್ಟು, ಒಮ್ಮೊಮ್ಮೆ ಆರು ಎಣಿಸುವಷ್ಟು. ಆಮೇಲೆ ಏನೋ ನೆನಪಾದಂತೆ ಮತ್ತೆ ಶುರು ಮಾಡುತ್ತಿತ್ತು. ಚೀಲದಲ್ಲಿದ್ದಾಗಲೂ ಹೀಗೆಯೇ ಇತ್ತೋ ಏನೋ, ನನಗೆ ಗೊತ್ತಾಗಿರಲಿಲ್ಲ. ಎಣಿಸುವಾಗ ನಾನೂ ಉಸಿರು ಹಿಡಿಯುತ್ತಿದ್ದೆ. ಇದನ್ನು ಹೆಂಡತಿಗೆ ಹೇಳಿದ್ದು ಹಲವು ವರ್ಷಗಳ ನಂತರ.

ಮೊದಲ ವಾರದ ತೂಕ ಎಂಬತ್ತು ಗ್ರಾಂ ಏರಿತ್ತು. ಬರಿಮೈಯ ತೂಕ, ಒಂದು ಕಿಲೋ ಒಂಬೈನೂರ ಮೂವತ್ತು. ಹೆಂಡತಿ ಅದನ್ನು ನನ್ನ ಬಾಯಿಂದ ಕೇಳಿ ತಲೆಯಾಡಿಸಿದಳು. "ಮುಂದಿನ ಸಲ ನಾನೂ ಬರ್ತೀನ್ರಿ" ಎಂದಳು, ಅಷ್ಟೇ. ಮೂರು ವಾರ ತಪ್ಪು ಹೇಳಿದವನಿಗೆ ಅದಕ್ಕಿಂತ ಮೃದುವಾದ ಮಾತು ಬೇರೆ ಇರಲಿಲ್ಲ.

ಎರಡನೆಯ ವಾರ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅಂಗಡಿಗೆ ಬಂದಳು. ಕಾಕಾ ತಕ್ಕಡಿಯನ್ನು ಒರೆಸಿ, ಬಿಸಿ ಮಾಡಿದ ಅರಿವೆ ಹಾಸಿ, ಅದರ ತೂಕಕ್ಕೆ ಸರಿಯಾಗಿ ಎದುರಿನ ತಟ್ಟೆಯಲ್ಲಿಯೂ ಅರಿವೆ ಹಾಕಿದ. ಅಂಗಡಿಗೆ ಬಂದಿದ್ದವರು ಯಾರೂ ಹೇಳದೆ ಗೋಡೆಯ ಕಡೆ ತಿರುಗಿದರು.

"ಎರಡ ಕಿಲೋದ್ದು ಒಂದ ಕಲ್ಲ ಇಡ್ತೀನ್ರಿ, ಅಕ್ಕೋರ. ಕಲ್ಲ ಎದ್ದರ ಗೆದ್ದಿವಿ."

ನಾನು ಕೂಸನ್ನು ಬಿಚ್ಚಿ ಇಟ್ಟೆ. ತಕ್ಕಡಿಯ ಕೋಲು ಅತ್ತಿತ್ತ ಹೊಯ್ದಾಡಿತು. ಕಲ್ಲು ನಿಧಾನವಾಗಿ ಮೇಲೆದ್ದಿತು. ಗೋಡೆಯ ಕಡೆಯಿಂದ ಒಬ್ಬ, "ಏನಾತರಿ?" ಎಂದ.

"ಆ ಕಡಿ ಇದ್ದದ್ದು ಈ ಕಡಿ ಇಡ್ರಿ ಕಾಕಾ" ಎಂದಳು ಹೆಂಡತಿ. "ತಕ್ಕಡಿ ವಾಲೇತೋ ಏನೋ ನೋಡೂಣು."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಕಾಕಾ ತಕ್ಕಡಿ ಮಡಚಿ ಒಳಗಿಡುತ್ತಿದ್ದ. ಅಂದು ಕಲ್ಲಿನ ತಟ್ಟೆ ಬದಲಿಸಿದ. ನಾನು ಕೂಸನ್ನು ಎತ್ತಿ ಇನ್ನೊಂದು ತಟ್ಟೆಯಲ್ಲಿಟ್ಟೆ. ಮತ್ತೆ ಕಲ್ಲು ಎದ್ದಿತು. ಅಷ್ಟರಲ್ಲಿ ಕೂಸು ಕಾಲು ಮಡಚಿ ಉಚ್ಚೆ ಹೊಯ್ದಿತು. ಅದು ಅರಿವೆ ದಾಟಿ, ತಟ್ಟೆಯ ಅಂಚು ದಾಟಿ, ಕೆಳಗಿದ್ದ ಶೇಂಗಾದ ಚೀಲದ ಮೇಲೆ ಬಿದ್ದಿತು.

"ಈಗಿಷ್ಟು ಕಡಿಮಿ ಆತಲ್ರಿ" ಎಂದ ಕಾಕಾ.

ಹೆಂಡತಿ ನಗಲಿಲ್ಲ. ಮೊಣಕಾಲೂರಿ ಕುಳಿತು, ಕಣ್ಣನ್ನು ಕೋಲಿನ ಮಟ್ಟಕ್ಕೆ ತಂದು, ಅದು ಪೂರ್ತಿ ನಿಲ್ಲುವವರೆಗೆ ನೋಡಿದಳು.

"ಇನ್ನೂ ಕೂಸಿನ ಕಡೀನ ಜಗ್ಗೇತಿ" ಎಂದಳು. ಆಮೇಲೆ ಎದ್ದು ನನ್ನ ಅಂಗಿಯ ಗುಂಡಿಗಳನ್ನು ತಾನೇ ಬಿಚ್ಚಿ, ಕೂಸನ್ನು ಒಳಗಿಟ್ಟು, ಮತ್ತೆ ಒಂದೊಂದಾಗಿ ಹಾಕಿದಳು.